ಎರಡು ವಾಚು, ಒಂದು ಪೀಪಿ: ಕೆಜಿಎಫ್ ಮೈದಾನಕ್ಕೆ ತಕ್ಕ ರೆಫರಿ ಸಾಮಾನು

ಕೆಜಿಎಫ್ ಸುತ್ತಮುತ್ತ ಭಾನುವಾರ ನಡೆಯುವ ಫುಟ್‌ಬಾಲ್ ಟೂರ್ನಮೆಂಟುಗಳಲ್ಲಿ ಒಂದು ಗೋಲು ಮುಂದಿರುವ ತಂಡಕ್ಕೆ ಸೂರ್ಯನೇ ಹನ್ನೆರಡನೆಯ ಆಟಗಾರ. ಡಿಸೆಂಬರಿನಲ್ಲಿ ಆರು ಗಂಟೆ ಹೊಡೆಯುವ ಮುಂಚೆಯೇ ಅವನು ಇಳಿದುಬಿಡುತ್ತಾನೆ, ಲೈಟಿನ ಕಂಬಗಳಿಲ್ಲದ ಮೈದಾನವೇ ಹೆಚ್ಚು. ನಾಲ್ಕೂವರೆಗೆ ಶುರುವಾದ ಪಂದ್ಯ, ಒಂದೊಂದು ಅರ್ಧಕ್ಕೆ 35 ನಿಮಿಷ, ನಡುವೆ 10 ನಿಮಿಷ ಎಂದಿಟ್ಟುಕೊಳ್ಳಿ. ಒಂದು ಸೆಕೆಂಡೂ ಪೋಲಾಗದಿದ್ದರೆ 5.50ಕ್ಕೆ ಮುಗಿಯಬೇಕು. ಈ ಲೆಕ್ಕ ಮುಂದಿರುವ ತಂಡದ ಗೋಲಿಗೆ, ಅಂದರೆ ಗೋಲ್‌ಕೀಪರನಿಗೆ, ಚೆನ್ನಾಗಿ ಗೊತ್ತು. ಕೊನೆಯ ಕಾಲುಗಂಟೆಯಲ್ಲಿ ಮೂರು ಸಲ ಲೇಸು ಬಿಚ್ಚಿ ಕಟ್ಟುತ್ತಾನೆ. ಯಾರೂ ಮುಟ್ಟದಿದ್ದರೂ ಡಿಫೆಂಡರ್‌ನ ಮೀನಖಂಡ ಹಿಡಿದುಕೊಳ್ಳುತ್ತದೆ. ಥ್ರೋ ಮಾಡಬೇಕಾದವನು ಚೆಂಡನ್ನು ತಲೆ ಮೇಲೆತ್ತಿ, ಮತ್ತೆ ಇಳಿಸಿ, ಇನ್ನೊಬ್ಬನ ಕೈಗೆ ಕೊಟ್ಟು ಹೋಗುತ್ತಾನೆ. ರೆಫರಿ ಒಮ್ಮೆ ಆಕಾಶ ನೋಡಿ ಉದ್ದಕ್ಕೆ ಊದಿಬಿಡುತ್ತಾನೆ. ಗೆರೆಯಾಚೆ ನಿಂತವರು "ಇವನೂ ಅವರ ಕಡೆಯವನೇ" ಎಂದು ಕೂಗುತ್ತಾರೆ.

ಬಹಳ ಸಲ ಅವನು ಯಾರ ಕಡೆಯವನೂ ಆಗಿರುವುದಿಲ್ಲ. ಪೋಲಾದ ಹೊತ್ತನ್ನು ಆಯಾ ಅರ್ಧದ ಕೊನೆಗೆ ಸೇರಿಸಿ ಆಡಿಸಬೇಕು, ಆದರೆ ಎಷ್ಟು ಪೋಲಾಯಿತೆಂದು ಹೇಳಲು ಅವನ ಬಳಿ ಲೆಕ್ಕವೇ ಇರುವುದಿಲ್ಲ. ಕೈಯಲ್ಲೊಂದು ವಾಚು ಇಲ್ಲವೇ ಜೇಬಿನಲ್ಲೊಂದು ಫೋನು, ಕೊರಳಲ್ಲಿ ಆಟಿಕೆ ಅಂಗಡಿಯ ಪೀಪಿ. "ಎಷ್ಟು ಎಕ್ಸ್‌ಟ್ರಾ ಸಾರ್?" ಅಂದರೆ ಬಾಯಿಗೆ ಬರುವುದು "ಎರಡು". ಗಣಿ ಕಾಲದಿಂದ ಫುಟ್‌ಬಾಲ್ ನೋಡಿಕೊಂಡು ಬಂದ ಊರಿನ ಜನಕ್ಕೆ ಆ "ಎರಡು" ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ತೂಗುತ್ತಿರುವುದು ರೆಫರಿಯನ್ನಲ್ಲ, ಅವನ ಸಾಮಾನನ್ನು. ಕಾಲ ಕಳೆಯುವವನನ್ನು ಹಿಡಿಯಲು ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ದಂಡ ಎನ್ನುವುದಷ್ಟೇ ಪ್ರಶ್ನೆ. ಕೊಳ್ಳಬೇಕಾದದ್ದು ಟೂರ್ನಮೆಂಟ್ ಕಮಿಟಿ. ಟ್ರೋಫಿಯ ಎತ್ತರ ಒಂದಡಿ ಇಳಿಸಿದರೆ ಈ ದುಡ್ಡು ಅಲ್ಲೇ ಹುಟ್ಟುತ್ತದೆ.

ಮೊದಲು ವಾಚು. ಕ್ಯಾಸಿಯೋ ಎಫ್-91ಡಬ್ಲ್ಯೂ ಎರಡು ಬೇಕು, ಒಂದಲ್ಲ. 1989ರಿಂದ ಬರುತ್ತಿರುವ ಕರಿ ಪ್ಲಾಸ್ಟಿಕ್ ವಾಚು, ತೂಕ 21 ಗ್ರಾಂ, ಸಿಆರ್2016 ಸೆಲ್ಲು ಸುಮಾರು ಏಳು ವರ್ಷ ಬರುತ್ತದೆ. ಸ್ಟಾಪ್‌ವಾಚು 59 ನಿಮಿಷ 59 ಸೆಕೆಂಡಿನವರೆಗೆ ಓಡುವುದರಿಂದ 45 ನಿಮಿಷದ ಅರ್ಧಕ್ಕೂ ಸಾಕು. ಎಡಗೈ ವಾಚು ಕಿಕಾಫ್ ಆದಾಗ ಓಡಲು ಶುರುವಾದರೆ ಅರ್ಧ ಮುಗಿಯುವವರೆಗೆ ಅದನ್ನು ಮುಟ್ಟಬಾರದು. ಬಲಗೈಯದು ಪೋಲಾದ ಹೊತ್ತಿಗೆ ಮಾತ್ರ. ಆಟಗಾರ ಬಿದ್ದನೇ, ಒತ್ತಿ. ಎದ್ದು ಆಟ ಮತ್ತೆ ಶುರುವಾಯಿತೇ, ಮತ್ತೆ ಒತ್ತಿ ನಿಲ್ಲಿಸಿ. ಸಬ್ (ಬದಲಿ ಆಟಗಾರ) ಬಂದರೆ, ಕಾರ್ಡು ಬರೆದುಕೊಳ್ಳುವಾಗ, ಗೋಲು ಹೊಡೆದು ಅಂಗಿ ಬಿಚ್ಚಿ ಓಡುವಾಗ, ಚೆಂಡನ್ನು ಬೇಕೆಂದೇ ದೂರ ಒದ್ದಾಗ ಇದೇ ಕ್ರಮ. ಸಾಮಾನ್ಯ ಥ್ರೋಗೆ, ಸಾಮಾನ್ಯ ಗೋಲ್ ಕಿಕ್‌ಗೆ ಒತ್ತುವುದು ಬೇಡ. ಅದು ಆಟದೊಳಗಿನ ಹೊತ್ತು, ಅತಿಯಾದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. 35ನೇ ನಿಮಿಷಕ್ಕೆ ಬಲಗೈ ನೋಡಿ, ಅಲ್ಲಿ 4 ನಿಮಿಷ 20 ಸೆಕೆಂಡು ಇದ್ದರೆ ನಾಲ್ಕು ಎಂದು ಬೆರಳು ತೋರಿಸಿ. ಹಾಗೆ ತೋರಿಸಿದ್ದು ಕನಿಷ್ಠ ಎಂದೇ ಅರ್ಥ. ಆಮೇಲೆ ಹೆಚ್ಚಿಸಬಹುದು, ಇಳಿಸುವಂತಿಲ್ಲ. ಮೊದಲರ್ಧದಲ್ಲಿ ಲೆಕ್ಕ ತಪ್ಪಿತೆಂದು ಎರಡನೆಯದರಲ್ಲಿ ಸರಿದೂಗಿಸುವುದಕ್ಕೂ ಫುಟ್‌ಬಾಲ್ ನಿಯಮಾವಳಿಯ ಏಳನೇ ನಿಯಮ ಅವಕಾಶ ಕೊಡುವುದಿಲ್ಲ.

ಒತ್ತುವಾಗ ಕೈ ಎತ್ತಿ, ವಾಚಿನ ಮೇಲೆ ಬೆರಳು ಬಡಿದು, ಎಲ್ಲರಿಗೂ ಕಾಣುವಂತೆ ಒತ್ತಬೇಕು. ಈ ಒಂದು ಸನ್ನೆಗೆ ಅರ್ಧ ಗಲಾಟೆ ತಣ್ಣಗಾಗುತ್ತದೆ. ಬಿದ್ದುಕೊಂಡಿರುವವನಿಗೂ ತಾನು ಗಳಿಸುತ್ತಿರುವುದು ಏನೂ ಇಲ್ಲ ಎಂದು ಗೊತ್ತಾಗುತ್ತದೆ.

ಈ ವಾಚಿನಲ್ಲಿ ಒಂದು ಕೆಟ್ಟ ಬಲೆಯಿದೆ, ಅದರಲ್ಲೂ ನಮ್ಮ ಸಂಜೆ ಪಂದ್ಯಗಳಿಗೆ. ಎಡಗಡೆ ಮೇಲಿನ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಆದರೆ ಸ್ಟಾಪ್‌ವಾಚಿನಲ್ಲಿರುವಾಗ ಅದೇ ಗುಂಡಿಗೆ ಬೇರೆ ಕೆಲಸವೂ ಉಂಟು. ಓಡುತ್ತಿರುವಾಗ ಒತ್ತಿದರೆ ಅಂಕಿ ನಿಂತಂತೆ ಕಾಣುತ್ತದೆ, ಒಳಗೆ ಹೊತ್ತು ಓಡುತ್ತಲೇ ಇರುತ್ತದೆ. ಮತ್ತೊಮ್ಮೆ ಒತ್ತಿದರೆ ಸರಿಹೋಗುತ್ತದೆ. ನಿಲ್ಲಿಸಿಟ್ಟಾಗ ಒತ್ತಿದರೆ ಮಾತ್ರ ಸೊನ್ನೆ. ಅಂದರೆ ಮಬ್ಬುಗತ್ತಲಲ್ಲಿ ಬಲಗೈ ವಾಚಿನ ಲೆಕ್ಕ ಓದಲು ದೀಪ ಹಾಕಿದ ರೆಫರಿ ಅಷ್ಟು ಹೊತ್ತು ಕೂಡಿಸಿದ್ದನ್ನೆಲ್ಲ ಒಂದೇ ಒತ್ತಿಗೆ ಅಳಿಸಿಬಿಡುತ್ತಾನೆ, ಆಮೇಲೆ ಮತ್ತದೇ "ಎರಡು". ಇದಕ್ಕೆ ಎರಡು ದಾರಿ. ಬಲಗೈ ವಾಚಿನ ಆ ಗುಂಡಿಯ ಮೇಲೆ ಸೈಕಲ್ ಪಂಕ್ಚರಿನ ರಬ್ಬರ್ ತುಂಡು ಅಂಟಿಸುವುದು ಒಂದು. ಪ್ರತಿ ಸಲ ನಿಲ್ಲಿಸಿದಾಗಲೂ ಒಟ್ಟು ಎಷ್ಟಾಯಿತೆಂದು ಪುಸ್ತಕದಲ್ಲಿ ಗೀಚಿಕೊಳ್ಳುವುದು ಇನ್ನೊಂದು. ಎರಡನೆಯದೇ ವಾಸಿ, ಜಗಳ ಬಂದಾಗ ತೋರಿಸಲು ಕಾಗದ ಇರುತ್ತದೆ.

ನಕಲಿ ಮಾಲು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಅಸಲಿಯಲ್ಲಿ ಕಂಪನಿಯ ಹೆಸರು ತೆರೆಯ ಮೇಲೆ ಬರುತ್ತದೆ. ಈಗ ಕೆಲವು ನಕಲಿಗಳೂ ಅದನ್ನು ಕಲಿತಿವೆ, ಆದ್ದರಿಂದ ಅದೊಂದನ್ನೇ ನಂಬದೆ ಗುಂಡಿಗಳು ಸಡಿಲವಾಗಿವೆಯೇ ಎಂದೂ ನೋಡಿ. ಇನ್ನೊಂದು ಕೊರತೆ, ಇದರಲ್ಲಿ ಇಳಿಲೆಕ್ಕದ ಟೈಮರ್ ಇಲ್ಲ, ಕಂಪನವೂ ಇಲ್ಲ. 35 ಆಯಿತೆಂದು ವಾಚು ಹೇಳುವುದಿಲ್ಲ, ನೀವೇ ನೋಡಬೇಕು. ರೆಫರಿಗಳಿಗೆಂದೇ ಮಾಡಿದ ದುಬಾರಿ ವಾಚುಗಳಲ್ಲಿ ಅದೆಲ್ಲ ಇದೆ, ಆದರೆ ಆ ದುಡ್ಡಿಗೆ ಇಂಥ ಎಷ್ಟೋ ಜೋಡಿ ಬರುತ್ತವೆ.

ಫೋನಿನ ಸ್ಟಾಪ್‌ವಾಚು ಬೇಡವೇ ಬೇಡ. ಬೆವರಿದ ಬೆರಳಿಗೆ ತೆರೆ ಸ್ಪಂದಿಸುವುದಿಲ್ಲ, ನಡುವೆ ಕರೆ ಬರುತ್ತದೆ, ಜೇಬಿನಿಂದ ತೆಗೆಯುವುದರಲ್ಲೇ ಐದು ಸೆಕೆಂಡು ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ರೆಫರಿ ಫೋನು ನೋಡುತ್ತಿರುವುದನ್ನು ಕಂಡ ಪ್ರೇಕ್ಷಕ ಅವನು ಹೊತ್ತು ನೋಡುತ್ತಿದ್ದಾನೆಂದು ಯಾವತ್ತೂ ನಂಬುವುದಿಲ್ಲ.

ಇಷ್ಟೆಲ್ಲ ಲೆಕ್ಕ ಯಾಕೆ ಎನ್ನುವವರು 2022ರ ಕತಾರ್ ವಿಶ್ವಕಪ್ಪಿನ ಇಂಗ್ಲೆಂಡ್–ಇರಾನ್ ಪಂದ್ಯ ನೆನಪಿಸಿಕೊಳ್ಳಲಿ. ಇರಾನಿನ ಗೋಲ್‌ಕೀಪರನ ತಲೆಗೆ ಪೆಟ್ಟಾಗಿ ಆಟ ನಿಂತದ್ದಕ್ಕೆ ಮೊದಲರ್ಧಕ್ಕೇ 14 ನಿಮಿಷ ಸೇರಿತು. ಪೋಲಾದ ಹೊತ್ತನ್ನು ಸರಿಯಾಗಿ ಅಳೆದು ಕೊಡಿ ಎಂದು ಫಿಫಾದ ರೆಫರಿ ಸಮಿತಿಯ ಮುಖ್ಯಸ್ಥ ಪಿಯೆರ್‌ಲುಯಿಜಿ ಕೊಲಿನಾ ಆ ಕಪ್ಪಿಗೆ ಮುಂಚೆಯೇ ಹೇಳಿದ್ದರು. ನಮ್ಮಲ್ಲಿ 14 ಸೇರಿಸಿದರೆ ಚೆಂಡು ಕಾಣುವುದಿಲ್ಲ, ನಿಜ. ಅದಕ್ಕೆ ಮದ್ದು ಪಂದ್ಯವನ್ನು ನಾಲ್ಕಕ್ಕೆ ಶುರುಮಾಡುವುದು. ಅತಿಥಿಗಳ ಭಾಷಣ, ಹಾರ, ಶಾಲು ಎಲ್ಲ ಪಂದ್ಯದ ನಂತರ ಇರಲಿ. ಅರ್ಧ ಗಂಟೆ ಅಲ್ಲೇ ಸಿಗುತ್ತದೆ. ಬೆಳಕು ಹೋಗಿ ಆಟ ನಿಂತರೆ, ಟೂರ್ನಮೆಂಟಿನ ನಿಯಮ ಬೇರೇನೂ ಹೇಳದಿದ್ದಲ್ಲಿ, ಪಂದ್ಯ ಮತ್ತೆ ಮೊದಲಿಂದ ಆಗಬೇಕು. ಈ ಒಂದು ಸಾಲನ್ನು ಪ್ರವೇಶ ಫಾರಂನಲ್ಲೇ ಅಚ್ಚು ಹಾಕಿಸಿದರೆ ಮುಂದಿರುವ ತಂಡವೇ ಚೆಂಡು ತರಲು ಓಡುತ್ತದೆ.

ಪೀಪಿಗೆ ಬರೋಣ. ಒಳಗೆ ಗುಂಡು ಇರುವ ಹಳೇ ಥರದ ಪೀಪಿ ಈ ಊರಿಗೆ ಆಗುವುದಿಲ್ಲ. ಆಷಾಢದ ಗಾಳಿಗೆ ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳ ಬಿಳಿ ಧೂಳು ಚಾಂಪಿಯನ್ ರೀಫ್ಸ್ ಕಡೆ ಏಳುತ್ತದೆ, ಮಿಕ್ಕ ದಿನ ಕೆಮ್ಮಣ್ಣು. ಧೂಳಿಗೆ ಎಂಜಲು ಸೇರಿ ಗುಂಡು ಅಂಟಿಕೊಳ್ಳುತ್ತದೆ, ಬೆಂಡಿನ ಗುಂಡಾದರೆ ಒದ್ದೆಯಾಗಿ ಊದಿಕೊಳ್ಳುತ್ತದೆ. ಸಿಟ್ಟಿನಲ್ಲಿ ತೀರಾ ಜೋರಾಗಿ ಊದಿದರೂ ಗುಂಡು ಮೇಲೆ ಸಿಕ್ಕಿಕೊಂಡು ಬರೀ ಗಾಳಿ ಹೋಗುತ್ತದೆ. ಆಟ ನಿಲ್ಲಲೇಬೇಕಾದ ಗಳಿಗೆಯಲ್ಲೇ ಪೀಪಿ ಮೂಕವಾಗುವುದು ಹೀಗೆ. "ಕೇಳಿಸಲೇ ಇಲ್ಲ ಅಣ್ಣಾ" ಎಂದು ಚೆಂಡು ಒದ್ದುಕೊಂಡು ಹೋಗುವವನಿಗೆ ಅದು ವರ.

ಫಾಕ್ಸ್ 40 ಕ್ಲಾಸಿಕ್‌ನಲ್ಲಿ ಗುಂಡೇ ಇಲ್ಲ. ಕೆನಡಾದ ಬಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ತನ್ನ ಪೀಪಿ ಪಂದ್ಯದ ನಡುವೆ ಕೈಕೊಟ್ಟ ಮೇಲೆ ಮಾಡಿಸಿದ್ದು, 1987ರಲ್ಲಿ ಮಾರುಕಟ್ಟೆಗೆ ಬಂತು. ಮೂರು ಕೋಣೆಗಳಲ್ಲಿ ಗಾಳಿ ಒಡೆದು ಮೂರು ಸ್ವರ ಬೆರೆತು ಬರುತ್ತದೆ. ಕಂಪನಿ ಹೇಳುವ ಲೆಕ್ಕ 115 ಡೆಸಿಬಲ್. ನೀರಲ್ಲಿ ಅದ್ದಿ ತೆಗೆದರೂ ಒಂದು ಊದಿಗೆ ಖಾಲಿಯಾಗಿ ಕೂಗುತ್ತದೆ. ಮಣ್ಣು ಸೇರಿದರೆ ನಲ್ಲಿ ಕೆಳಗೆ ಹಿಡಿದರೆ ಸಾಕು, ಪಿನ್ನು ತೂರಿಸಬೇಡಿ, ಸೀಳಿನ ಅಂಚು ಕೆತ್ತಿಹೋದರೆ ಸ್ವರ ಒಡೆಯುತ್ತದೆ. ಕೊರತೆಯೆಂದರೆ ಏರಿಳಿತ ಕಡಿಮೆ. ಸಣ್ಣ ಫೌಲಿಗೆ ಮೆಲ್ಲಗೆ, ದೊಡ್ಡದಕ್ಕೆ ಗದರಿದಂತೆ ಊದುವ ಕಲೆ ಗುಂಡಿನ ಪೀಪಿಯಲ್ಲೇ ಸುಲಭ, ಇದರಲ್ಲಿ ಉಸಿರಿನ ಉದ್ದದಿಂದಲೇ ಮಾತಾಡಬೇಕು. ಪಕ್ಕದ ಮೈದಾನದಲ್ಲೂ ಇದೇ ಪೀಪಿ ಇದ್ದರೆ ಅಲ್ಲಿ ಊದಿದ್ದಕ್ಕೆ ಇಲ್ಲಿ ಆಟ ನಿಲ್ಲುತ್ತದೆ.

ದುಡ್ಡೇ ಬೇಡದ ಸಾಮಾನೊಂದಿದೆ, ರೆಫರಿಯ ಐದು ಬೆರಳು. ಗೋಲಿ ಚೆಂಡನ್ನು ಅಪ್ಪಿಕೊಂಡು ಮಲಗುವುದಕ್ಕೆ ಹಿಂದೆ 6 ಸೆಕೆಂಡಿನ ಮಿತಿ, ಮೀರಿದರೆ ಪೆನಾಲ್ಟಿ ಏರಿಯಾದೊಳಗೇ ಇನ್‌ಡೈರೆಕ್ಟ್ ಫ್ರೀ ಕಿಕ್ (ಒಬ್ಬನೇ ನೇರವಾಗಿ ಗೋಲು ಹೊಡೆಯುವಂತಿಲ್ಲದ ಕಿಕ್) ಇತ್ತು. ಅದನ್ನು ಕೊಟ್ಟ ರೆಫರಿ ಅಪರೂಪ. ಕೊಟ್ಟರೆ ಇಡೀ ತಂಡ ಗೋಲ್ ಲೈನಿನ ಮೇಲೆ ಗೋಡೆಯಾಗಿ ನಿಂತು ಇನ್ನೂ ಐದು ನಿಮಿಷ ಹಾಳಾಗುತ್ತಿತ್ತು. ಶಿಕ್ಷೆ ತೂಕಕ್ಕೆ ಮೀರಿದಾಗ ಅದನ್ನು ಯಾರೂ ಕೊಡುವುದಿಲ್ಲ. 2025ರ ಜುಲೈಯಿಂದ ಮಿತಿ 8 ಸೆಕೆಂಡು, ಶಿಕ್ಷೆ ಎದುರು ತಂಡಕ್ಕೆ ಕಾರ್ನರ್, ಗೋಲಿ ನಿಂತಿದ್ದ ಜಾಗಕ್ಕೆ ಹತ್ತಿರದ ಮೂಲೆಯಿಂದ. ಗೋಲಿಯ ಹಿಡಿತಕ್ಕೆ ಚೆಂಡು ಸರಿಯಾಗಿ ಬಂದು, ಎದುರಾಳಿ ಯಾರೂ ಅಡ್ಡ ಇಲ್ಲದಾಗಿನಿಂದ ಎಣಿಕೆ ಶುರು. ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ ಬೆರಳು ಮಡಿಸುತ್ತಾ ತೋರಿಸಬೇಕು. ನಮ್ಮ ಕಡೆ ಎಷ್ಟೋ ಆಟಗಾರರಿಗೆ ಈ ಬದಲಾವಣೆಯೇ ತಿಳಿದಿಲ್ಲ. ಟಾಸ್ ಹೊತ್ತಿಗೆ ಎರಡೂ ಕ್ಯಾಪ್ಟನ್‌ಗಳಿಗೆ ಹೇಳಿಬಿಡಿ. ಇಲ್ಲದಿದ್ದರೆ ಮೊದಲ ಕಾರ್ನರ್ ಕೊಟ್ಟಾಗ ಮೈದಾನದೊಳಕ್ಕೆ ನಲವತ್ತು ಜನ ನುಗ್ಗುತ್ತಾರೆ.

ಹಾಗೆಯೇ ಸಬ್‌ಗೆ ಜಾಗ ಬಿಟ್ಟು ಹೊರಹೋಗುವ ಆಟಗಾರ ಅಡ್ಡಲಾಗಿ ಇಡೀ ಮೈದಾನ ನಡೆದು, ಎಲ್ಲರ ಕೈ ಕುಲುಕಿ ಬರಬೇಕಾಗಿಲ್ಲ. 2019ರಿಂದ ಅವನು ಹತ್ತಿರದ ಗೆರೆ ದಾಟಿದರೆ ಮುಗಿಯಿತು. ತಡ ಮಾಡಿದರೆ ಹಳದಿ.

ಕಾರ್ಡಿನ ಬಗ್ಗೆ ಹೆಚ್ಚಿಲ್ಲ. ಯಾವ ಪ್ಲಾಸ್ಟಿಕ್ ಆದರೂ ನಡೆಯುತ್ತದೆ, ಹಳದಿ ಒಂದು ಜೇಬಿನಲ್ಲಿ, ಕೆಂಪು ಇನ್ನೊಂದರಲ್ಲಿರಲಿ. ತಪ್ಪಾಗುವುದು ತೆಗೆಯುವ ಹೊತ್ತಿನಲ್ಲಿ. ಕಾಲ ಕಳೆದದ್ದಕ್ಕೆ ಮೊದಲ ಹಳದಿ 65ನೇ ನಿಮಿಷಕ್ಕೆ ಬಂದರೆ ಅಲ್ಲಿಯವರೆಗೆ ಎಲ್ಲ ಬಿಟ್ಟಿ ಎಂದಾಯಿತು. 20ನೇ ನಿಮಿಷದಲ್ಲಿ, ಇನ್ನೂ 0–0 ಇರುವಾಗ, ಚೆಂಡು ಒದ್ದೋಡಿಸಿದವನಿಗೆ ಒಂದು ಕೊಟ್ಟು ನೋಡಿ. ಬರೆದುಕೊಳ್ಳಲು ಪೆನ್ಸಿಲ್ ಇಟ್ಟುಕೊಳ್ಳಿ, ಬೆವರು ತಾಗಿದ ಕಾಗದದ ಮೇಲೆ ಬಾಲ್ ಪೆನ್ ಮುಷ್ಕರ ಹೂಡುತ್ತದೆ.

ಕಮಿಟಿಯ ಬಳಿ ಒಂದು ಹೆಚ್ಚುವರಿ ಖರ್ಚಿಗೆ ದುಡ್ಡಿದ್ದರೆ ಅದು ಚೆಂಡಿಗೆ ಹೋಗಲಿ. ಒಂದೇ ಚೆಂಡಿನ ಪಂದ್ಯದಲ್ಲಿ ಗೋಲಿನ ಹಿಂದಿನ ಲಂಟಾನ ಪೊದೆಯೊಳಗೆ ಅದು ಹೊಕ್ಕರೆ ಎರಡು ನಿಮಿಷ ಹೋಯಿತು. ಮುಂದಿರುವ ತಂಡ ಆಟ ನಡೆಯುತ್ತಿರುವಾಗಲೇ ಪೊದೆಗೇ ಗುರಿಯಿಟ್ಟು ಒದೆಯುತ್ತದೆ, ಅದಕ್ಕೆ ಯಾವ ಕಾರ್ಡೂ ಇಲ್ಲ. ಎರಡು ಗೋಲುಗಳ ಹಿಂದೆ ಒಂದೊಂದು, ಎರಡು ಉದ್ದ ಗೆರೆಗಳ ಬಳಿ ಒಂದೊಂದು, ಜೊತೆಗೆ ನಾಲ್ಕು ಜನ ಹುಡುಗರು. ಎಲ್ಲ ಚೆಂಡಿಗೂ ಒಂದೇ ಗಾಳಿ ಇರಲಿ, ಇಲ್ಲದಿದ್ದರೆ "ಇದು ಮೆತ್ತಗಿದೆ, ಅದು ಬೇಕು" ಎಂಬ ಹೊಸ ನಾಟಕ ಶುರುವಾಗುತ್ತದೆ. ಹುಡುಗರು ಎರಡೂ ತಂಡಕ್ಕೆ ಸೇರದ ಬೀದಿಯವರಾಗಿರಲಿ.

ಟಿವಿಯಲ್ಲಿ ನೋಡಿ ಫ್ರೀ ಕಿಕ್ ಗೋಡೆಗೆ ಗೆರೆ ಎಳೆಯುವ ನೊರೆ ಸ್ಪ್ರೇ ತರಿಸುವ ಕಮಿಟಿಗಳೂ ಇವೆ. ಅದು ಹುಲ್ಲಿನ ಮೈದಾನದವರ ಸಾಮಾನು. ನಮ್ಮ ಕೆಮ್ಮಣ್ಣಿನ ನೆಲದಲ್ಲಿ ಗೋಡೆ ದೂರ ನಿಲ್ಲಬೇಕಾದ 9.15 ಮೀಟರಿಗೆ ಹತ್ತು ದೊಡ್ಡ ಹೆಜ್ಜೆ ಹಾಕಿ, ಶೂವಿನ ಹಿಮ್ಮಡಿಯಿಂದ ಗೀರಿದರೆ ಪಂದ್ಯ ಮುಗಿದ ಮೇಲೂ ಗೆರೆ ಅಲ್ಲೇ ಇರುತ್ತದೆ.