ಮಹಾಲೆಯ ಕಾಡಿನಲ್ಲಿ ಚಿಂಪಾಂಜಿಗಳೆದುರು ಒಂದು ಗಂಟೆ: ಉಡುಪಿಯಿಂದ ಹೋಗಬಯಸುವವರಿಗೆ

ಟಾಂಜಾನಿಯಾದ ಪಶ್ಚಿಮ ಅಂಚಿನಲ್ಲಿರುವ ಮಹಾಲೆ ಬೆಟ್ಟಗಳ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಬಂದ ಮೇಲೆ ಉಡುಪಿ, ಮಣಿಪಾಲ, ಮಂಗಳೂರಿನ ಪರಿಚಿತರು ನನ್ನನ್ನು ಕೇಳಿದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಇಷ್ಟು ಹಣ ಸುರಿದು, ಇಷ್ಟು ದೂರ ಪ್ರಯಾಣ ಮಾಡಿ, ದಿನಕ್ಕೆ ಒಂದೇ ಒಂದು ಗಂಟೆ ಚಿಂಪಾಂಜಿಗಳನ್ನು ನೋಡಲು ಬಿಡುತ್ತಾರೆಂದರೆ ಅದು ಸಾರ್ಥಕವೇ? ಸಾರ್ಥಕವೇ ಸರಿ ಎಂಬುದು ನನ್ನ ಉತ್ತರ. ಆ ಒಂದು ಗಂಟೆಯ ಕಟ್ಟುನಿಟ್ಟನ್ನು ಅಲ್ಲಿನ ಸಿಬ್ಬಂದಿ ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಾರೆ ಎಂಬುದನ್ನು ಕಂಡ ಮೇಲೆ, ವನ್ಯಜೀವಿ ವೀಕ್ಷಣೆಯ ಸೇವೆ ಹೀಗೆಯೇ ಇರಬೇಕೆಂದು ನನಗೆ ದೃಢವಾಗಿ ಅನ್ನಿಸಿದೆ.

ಮೊದಲು ದಾರಿಯ ವಿಚಾರ. ಉಡುಪಿಯಿಂದ ಮತ್ಸ್ಯಗಂಧ ರೈಲಿನಲ್ಲಿ ಮುಂಬೈಗೆ, ಅಲ್ಲಿಂದ ವಿಮಾನದಲ್ಲಿ ದಾರ್ ಎಸ್ ಸಲಾಮ್‌ಗೆ, ಮತ್ತೆ ದೇಶೀಯ ವಿಮಾನದಲ್ಲಿ ಕಿಗೋಮಾ ಪಟ್ಟಣಕ್ಕೆ ನಾವು ಹೋದೆವು. ಕಿಗೋಮಾದಿಂದ ಮುಂದೆ ಟಾಂಗನಿಕಾ ಸರೋವರದ ಮೇಲೆ ದಕ್ಷಿಣಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರದ ದೋಣಿ ಪ್ರಯಾಣ. ಹಣವಿದ್ದವರು ಉದ್ಯಾನದ ಸಮೀಪದ ಮಣ್ಣಿನ ಓಡುದಾರಿಯಲ್ಲಿ ಇಳಿಯುವ ಸಣ್ಣ ವಿಮಾನವನ್ನು ಹಿಡಿಯುತ್ತಾರೆ, ಆದರೆ ಅವರೂ ಕೊನೆಯ ಹಂತದಲ್ಲಿ ದೋಣಿ ಹತ್ತಲೇಬೇಕು. ಉದ್ಯಾನದೊಳಗೆ ವಾಹನ ಓಡಾಡುವ ರಸ್ತೆಗಳಿಲ್ಲ, ಅಲ್ಲಿ ಎಲ್ಲವೂ ಕಾಲ್ನಡಿಗೆಯೇ.

ಈ ಹಂತದವರೆಗಿನ ವ್ಯವಸ್ಥೆಯನ್ನು ನಾವು ಒಂದು ಪ್ರವಾಸ ಸಂಸ್ಥೆಗೆ ವಹಿಸಿದ್ದೆವು, ಅದರ ಸೇವೆ ನನಗೆ ಸಮಾಧಾನ ತರಲಿಲ್ಲ. ಹೇಳಿದ ಮೊತ್ತದಲ್ಲಿ ಉದ್ಯಾನದ ಪ್ರವೇಶ ಶುಲ್ಕ ಸೇರಿದೆಯೇ ಎಂಬ ಪ್ರಶ್ನೆಗೆ ಅವರು ಕೊನೆಯವರೆಗೂ ನೇರ ಉತ್ತರ ಕೊಡಲಿಲ್ಲ. ಅಲ್ಲಿ ವಿದೇಶಿಯರ ಶುಲ್ಕವನ್ನು ಡಾಲರಿನಲ್ಲಿ, ಪ್ರತಿ 24 ಗಂಟೆಗಳ ಲೆಕ್ಕದಲ್ಲಿ ಹಾಕುವುದರಿಂದ ಇದು ಸಣ್ಣ ಮೊತ್ತವಲ್ಲ. "ಚಿಂಪಾಂಜಿ ಕಂಡೇ ಕಾಣುತ್ತವೆ, ಗ್ಯಾರಂಟಿ" ಎಂದು ಅವರು ಕೊಟ್ಟ ಮಾತೂ ಸರಿಯಲ್ಲ. ಕಾಡಿನ ಪ್ರಾಣಿಯ ಪರವಾಗಿ ಯಾರೂ ಹಾಗೆ ಮಾತು ಕೊಡಲಾಗದು. ಮುಂಗಡ ಕೊಡುವ ಮೊದಲು ಪ್ರವೇಶ ಶುಲ್ಕ, ಗೈಡ್ ಶುಲ್ಕ, ದೋಣಿ, ವಸತಿ ಇವುಗಳ ದರವನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಕಿಗೋಮಾದ ಸರೋವರ ದಂಡೆ ಕರಾವಳಿಯವರಿಗೆ ಅಪರಿಚಿತವೆನಿಸುವುದಿಲ್ಲ. ರಾತ್ರಿ ದೀಪ ಹಚ್ಚಿ ಹಿಡಿದ 'ದಗಾ' ಎಂಬ ಕಿರುಮೀನುಗಳನ್ನು ಮಲ್ಪೆಯ ಒಣಮೀನಿನ ಹಾಗೆ ಮರಳಿನ ಮೇಲೆ ಹರಡಿ ಒಣಗಿಸುತ್ತಾರೆ, ವಾಸನೆಯೂ ಅದೇ. ಸರೋವರ ಮಾತ್ರ ಊಹೆಗೆ ನಿಲುಕದಷ್ಟು ದೊಡ್ಡದು: ಉದ್ದ ಸುಮಾರು 673 ಕಿಲೋಮೀಟರ್, ಆಳ ಕೆಲವೆಡೆ 1,470 ಮೀಟರ್. ನೀರು ಸಿಹಿಯಾದರೂ ಗಾಳಿ ಎದ್ದರೆ ಕಡಲಿನಂತೆಯೇ ಅಲೆಗಳೇಳುತ್ತವೆ. ಆದ್ದರಿಂದ ಬೆಳಗಿನ ಜಾವವೇ ಹೊರಡುವ ದೋಣಿಯನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ವಸತಿಗೆ ದಂಡೆಯಲ್ಲಿ ದುಬಾರಿ ಖಾಸಗಿ ಶಿಬಿರಗಳಿವೆ. ನಾವು ಉಳಿದುಕೊಂಡದ್ದು ಕಸಿಹಾ ಎಂಬಲ್ಲಿ ಉದ್ಯಾನವೇ ನಡೆಸುವ, 'ಬಂಡಾ' ಎಂದು ಕರೆಯುವ ಸರಳ ಕೊಠಡಿಗಳಲ್ಲಿ. ಹಾಸಿಗೆ, ಸೊಳ್ಳೆಪರದೆ, ಸ್ನಾನದ ಮನೆ ಎಲ್ಲವೂ ಶುಚಿಯಾಗಿದ್ದವು. ಅಡುಗೆಮನೆಯಿದೆ, ಆದರೆ ದಿನಸಿಯನ್ನು ನಾವೇ ಒಯ್ಯಬೇಕು. ಸಸ್ಯಾಹಾರಿಗಳಿಗೆ ಇದು ತೊಂದರೆಯಲ್ಲ, ಅನುಕೂಲವೇ. ಕಿಗೋಮಾದ ಮಾರುಕಟ್ಟೆಯಲ್ಲಿ ಅಕ್ಕಿ, ಅಲಸಂಡೆಯ ಜಾತಿಯ ಕಾಳುಗಳು, ಟೊಮೆಟೊ, ಬಾಳೆಕಾಯಿ ಧಾರಾಳವಾಗಿ ಸಿಗುತ್ತವೆ. ಅಲ್ಲಿಯವರು 'ಮ್ಚಿಚಾ' ಎನ್ನುವ ಸೊಪ್ಪು ನಮ್ಮ ಹರಿವೆಯೇ. ಮನೆಯಿಂದ ಸಾರಿನ ಪುಡಿ ಮತ್ತು ಉಪ್ಪಿನಕಾಯಿ ಒಯ್ದಿದ್ದ ಕಾರಣ ಊಟದ ಚಿಂತೆಯೇ ಬರಲಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರವಾಸಿಗರು ಏಳುವ ಮೊದಲೇ ಟ್ರ್ಯಾಕರುಗಳು ಕಾಡಿಗೆ ಹೋಗಿರುತ್ತಾರೆ. ಚಿಂಪಾಂಜಿಗಳು ಪ್ರತಿ ಸಂಜೆ ಮರದ ಮೇಲೆ ಕೊಂಬೆಗಳನ್ನು ಬಾಗಿಸಿ, ಹೆಣೆದು ಹೊಸ ಗೂಡು ಕಟ್ಟಿ ಮಲಗುತ್ತವೆ. ಹಿಂದಿನ ಸಂಜೆ ಅವು ಎಲ್ಲಿದ್ದವೆಂಬ ತಿಳಿವಳಿಕೆ, ಬೆಳಗಿನ ಕೂಗು, ತಿಂದು ಉಗುಳಿದ ಹಣ್ಣಿನ ಸಿಪ್ಪೆ, ಹಸಿ ಲದ್ದಿ ಇವುಗಳ ಜಾಡು ಹಿಡಿದು ಗುಂಪನ್ನು ಪತ್ತೆಹಚ್ಚಿ, ಅವರು ರೇಡಿಯೋದಲ್ಲಿ ಗೈಡಿಗೆ ತಿಳಿಸುತ್ತಾರೆ. ಆಮೇಲೆ ನಮ್ಮ ನಡಿಗೆ ಆರಂಭ. ಏರು ಕಡಿದಾದದ್ದು, ಬಳ್ಳಿಗಳು ಕಾಲಿಗೆ ತೊಡರುತ್ತವೆ, ಸೆಕೆ ವಿಪರೀತ. ಕುದುರೆಮುಖ ಅಥವಾ ಕೊಡಚಾದ್ರಿ ಹತ್ತಿ ರೂಢಿಯಿದ್ದವರಿಗೆ ಕಷ್ಟವಾಗದು, ಮೊಣಕಾಲು ನೋವಿರುವವರಿಗೆ ನಾನು ಶಿಫಾರಸು ಮಾಡಲಾರೆ.

ಗುಂಪಿನ ಹತ್ತಿರ ತಲುಪಿದೊಡನೆ ಗೈಡ್ ಎಲ್ಲರನ್ನೂ ನಿಲ್ಲಿಸಿ ಮಾಸ್ಕ್ ಹಾಕಿಸುತ್ತಾರೆ. ಒಮ್ಮೆಗೆ ಆರು ಪ್ರವಾಸಿಗರಿಗಿಂತ ಹೆಚ್ಚು ಇರಬಾರದು, ಹತ್ತು ಮೀಟರ್ ಅಂತರ ಕಾಯಬೇಕು, ತಿನ್ನಬಾರದು, ಕುಡಿಯಬಾರದು, ಉಗುಳಬಾರದು, ಕ್ಯಾಮೆರಾದ ಫ್ಲಾಶ್ ಬಳಸಬಾರದು. ಚಿಂಪಾಂಜಿಗಳೇ ನಮ್ಮತ್ತ ನಡೆದು ಬಂದರೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ಕೂತುಕೊಳ್ಳಬೇಕು. ಹೀಗೆ ಸರಿದು ಕೂತಿದ್ದಾಗ ಒಂದು ವಯಸ್ಸಾದ ಗಂಡು ನಮ್ಮೆದುರೇ ಹಾದುಹೋಯಿತು. ನೆಲಕ್ಕೆ ಊರಿದ ಬೆರಳ ಗೆಣ್ಣುಗಳ ಮೇಲಿನ ಚರ್ಮ ದಪ್ಪಗಟ್ಟಿದ್ದು, ಬೆನ್ನಿನ ಕೂದಲು ಅಲ್ಲಲ್ಲಿ ನರೆತಿದ್ದು, ಒಂದು ಕಿವಿಯ ಅಂಚು ಹರಿದಿದ್ದು ಸ್ಪಷ್ಟವಾಗಿ ಕಂಡವು. ಅದು ನಮ್ಮತ್ತ ಒಮ್ಮೆಯೂ ತಿರುಗಿ ನೋಡಲಿಲ್ಲ.

ಸ್ವಲ್ಪ ಮುಂದೆ, ಮರದ ಬುಡದಲ್ಲಿ ಎರಡು ಚಿಂಪಾಂಜಿಗಳು ಎದುರುಬದುರು ಕೂತು ಒಂದೊಂದು ತೋಳನ್ನು ಮೇಲಕ್ಕೆತ್ತಿ, ತಲೆಯ ಮೇಲೆ ಪರಸ್ಪರ ಕೈ ಹಿಡಿದುಕೊಂಡು, ಉಳಿದ ಕೈಯಿಂದ ಒಂದರ ಕಂಕುಳಿನಲ್ಲಿ ಇನ್ನೊಂದು ಹೇನು ಹೆಕ್ಕುತ್ತಿದ್ದವು. ಈ ಪದ್ಧತಿಯನ್ನು ಮಹಾಲೆಯಲ್ಲಿ ಗಮನಿಸಿದ ವಿಜ್ಞಾನಿಗಳು ಅದನ್ನು 1978ರಲ್ಲಿ ಪ್ರಕಟಿಸಿದರು. ಅದೇ ಸರೋವರದ ದಂಡೆಯಲ್ಲಿ ಉತ್ತರಕ್ಕಿರುವ ಗೊಂಬೆ ಉದ್ಯಾನದಲ್ಲಿ, ಚಿಂಪಾಂಜಿ ತಜ್ಞೆ ಜೇನ್ ಗುಡಾಲ್ 1960ರಿಂದ ಅಧ್ಯಯನ ನಡೆಸಿದ ಗುಂಪಿನಲ್ಲಿ, ಇದು ರೂಢಿಯಲ್ಲಿಲ್ಲ. ಗೊಂಬೆಯ ಚಿಂಪಾಂಜಿಗಳು ಕಡ್ಡಿ ತೂರಿಸಿ ಹುತ್ತದಿಂದ ಗೆದ್ದಲು ತೆಗೆದು ತಿನ್ನುತ್ತವೆ. ಮಹಾಲೆಯ ಈ ಗುಂಪು ಕಡ್ಡಿಯನ್ನು ಮರದ ಪೊಟರೆಗೆ ತೂರಿಸಿ ದೊಡ್ಡ ಕಪ್ಪಿರುವೆಗಳನ್ನು ಎತ್ತುತ್ತದೆ. ಹಿರಿಯರನ್ನು ನೋಡಿ ಕಿರಿಯರು ಕಲಿಯುವ ಇಂಥ ರೂಢಿಗಳು ಊರಿಂದೂರಿಗೆ ಬೇರೆಯಾಗುತ್ತವೆ ಎಂಬುದನ್ನು ಗೈಡ್ ಬಹಳ ಚೆನ್ನಾಗಿ ವಿವರಿಸಿದರು.

ಮಾಸ್ಕ್ ಏಕೆ ಎಂಬುದನ್ನು ತಿಳಿದುಕೊಂಡೇ ಹೋಗುವುದು ಒಳ್ಳೆಯದು. ಮನುಷ್ಯನಿಗೂ ಚಿಂಪಾಂಜಿಗೂ ದೇಹರಚನೆಯಲ್ಲಿ ಎಷ್ಟು ಸಾಮ್ಯವಿದೆಯೆಂದರೆ ನಮ್ಮ ಸಾಮಾನ್ಯ ನೆಗಡಿ, ಕೆಮ್ಮಿನ ವೈರಸ್‌ಗಳು ಅವಕ್ಕೆ ಸುಲಭವಾಗಿ ತಗಲುತ್ತವೆ, ಮತ್ತು ತಗಲಿದರೆ ಪ್ರಾಣಕ್ಕೇ ಎರವಾಗಬಹುದು. ಪ್ರವಾಸಿಗರಿಗೆ ತೋರಿಸುವ ಎಮ್ ಗುಂಪಿನಲ್ಲಿ ಇರುವುದು ಸುಮಾರು 60 ಚಿಂಪಾಂಜಿಗಳು ಮಾತ್ರ. 2006ರಲ್ಲಿ ಈ ಗುಂಪಿಗೆ ಉಸಿರಾಟದ ಸೋಂಕು ತಗಲಿ ಹಲವು ಸತ್ತವು. ಹೆಣ್ಣು ಚಿಂಪಾಂಜಿ ಸಾಮಾನ್ಯವಾಗಿ ಐದಾರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುವುದರಿಂದ ಇಂಥ ನಷ್ಟ ತುಂಬಿಬರಲು ದೀರ್ಘಕಾಲ ಬೇಕು.

ನಮ್ಮ ಜೊತೆಗಿದ್ದ ಬೇರೆ ತಂಡದ ಒಬ್ಬರು ಫೋಟೋ ತೆಗೆಯುವ ಭರದಲ್ಲಿ ಮಾಸ್ಕ್ ಅನ್ನು ಗಲ್ಲಕ್ಕಿಳಿಸಿದರು. ಗೈಡ್ ದನಿ ಏರಿಸದೆ ಒಮ್ಮೆ ಎಚ್ಚರಿಸಿದರು. ಎರಡನೆಯ ಬಾರಿಯೂ ಹಾಗೆಯೇ ಆದಾಗ ಅವರನ್ನು ಒಬ್ಬ ಟ್ರ್ಯಾಕರ್ ಜೊತೆ ಹಿಂದಕ್ಕೆ ಕಳುಹಿಸಿಬಿಟ್ಟರು. ಹಣ ಕೊಟ್ಟು ಬಂದವರೆಂಬ ದಾಕ್ಷಿಣ್ಯಕ್ಕೆ ಒಳಗಾಗಲಿಲ್ಲ. ಗಂಟೆ ಮುಗಿದಾಗ ತಾಯಿಯೊಂದು ಮರಿಯನ್ನು ಹೊಟ್ಟೆಗವಚಿಕೊಂಡು ಮರದಿಂದ ಇಳಿಯುತ್ತಿತ್ತು, ಎಲ್ಲರಿಗೂ ಇನ್ನೂ ನೋಡುವ ಆಸೆಯಿತ್ತು. ಗೈಡ್ ಗಡಿಯಾರ ತೋರಿಸಿ ಹೊರಡಿಸಿದರು. ಆಗುಂಬೆ ಘಾಟಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಚಿಪ್ಸ್, ಬಿಸ್ಕತ್ತು ಎಸೆದು, ಅವು ರಸ್ತೆಗೇ ಬಂದು ಕೂರುವಂತೆ ಮಾಡಿರುವ ನಮ್ಮ ಅಭ್ಯಾಸವನ್ನು ನೆನೆದು ನನಗೆ ನಿಜಕ್ಕೂ ಸಂಕಟವಾಯಿತು. ನಮ್ಮ ಘಟ್ಟಗಳಲ್ಲಿ ಮಾತ್ರ ಇರುವ ಸಿಂಗಳೀಕವೂ ಅಳಿವಿನಂಚಿನ ಪ್ರಾಣಿ. ಅದನ್ನು ನೋಡಲು ಹೋಗುವವರಿಗೂ ಇಂಥದೇ ನಿಯಮಗಳು, ಇಂಥದೇ ಕಾವಲು ಬೇಕು.

ಈ ಶಿಸ್ತಿನ ಹಿಂದೆ ದೀರ್ಘ ಇತಿಹಾಸವಿದೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ತೊಶಿಸಾದ ನಿಶಿದಾ 1965ರಲ್ಲಿ ಇಲ್ಲಿ ಅಧ್ಯಯನ ಆರಂಭಿಸಿದರು. ಮೊದಮೊದಲು ಕಬ್ಬು, ಬಾಳೆಹಣ್ಣು ಇಟ್ಟೇ ಚಿಂಪಾಂಜಿಗಳನ್ನು ಹತ್ತಿರಕ್ಕೆ ಬರಿಸುತ್ತಿದ್ದರು. ಆಹಾರ ಇಡುವುದರಿಂದ ಅವುಗಳ ಸಹಜ ನಡವಳಿಕೆ ಕೆಡುತ್ತದೆಂದು ಕಂಡ ಮೇಲೆ 1980ರ ದಶಕದಲ್ಲಿ ಅದನ್ನು ಪೂರ್ತಿ ನಿಲ್ಲಿಸಿ, ತಾಳ್ಮೆಯಿಂದ ಹಿಂಬಾಲಿಸುವ ಕ್ರಮವನ್ನಷ್ಟೇ ಉಳಿಸಿಕೊಂಡರು. 1985ರಲ್ಲಿ ಸುಮಾರು 1,613 ಚದರ ಕಿಲೋಮೀಟರ್ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೂ ಮೊದಲು ಈ ಬೆಟ್ಟಗಳಲ್ಲಿ ಟೊಂಗ್ವೆ ಜನರ ಊರುಗಳಿದ್ದವು, ಉದ್ಯಾನಕ್ಕಾಗಿ ಅವರು ನೆಲ ಬಿಡಬೇಕಾಯಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಕುಟುಂಬಗಳ ಸಂಕಷ್ಟವನ್ನು ಹತ್ತಿರದಿಂದ ಬಲ್ಲ ನಮಗೆ ಈ ಭಾಗ ಬೇಗ ಅರ್ಥವಾಗುತ್ತದೆ. ಸಂಶೋಧಕರಿಗೆ ಕಾಡಿನ ಗಿಡಮರಗಳ ಹೆಸರು, ಉಪಯೋಗ, ಪ್ರಾಣಿಗಳ ದಾರಿ ತಿಳಿಸಿಕೊಟ್ಟವರು ಟೊಂಗ್ವೆ ಜನರೇ. ಪ್ರವಾಸಿಗರು ಟ್ರ್ಯಾಕರುಗಳಿಗೆ ಕೊಡುವ ಭಕ್ಷೀಸಿನಲ್ಲಿ ಕೈ ಬಿಗಿ ಹಿಡಿಯಬಾರದು ಎಂಬುದು ನನ್ನ ಕಳಕಳಿಯ ವಿನಂತಿ.

ಸಿದ್ಧತೆಯ ಕುರಿತು ಕೆಲವು ಮಾತು. ಭಾರತೀಯರಿಗೆ ಟಾಂಜಾನಿಯಾದ ವೀಸಾ ಆನ್‌ಲೈನಿನಲ್ಲೇ ಸಿಗುತ್ತದೆ. ಹಳದಿ ಜ್ವರದ ಲಸಿಕೆ ನಿಮ್ಮ ಪ್ರಯಾಣಕ್ಕೆ ಬೇಕೇ ಎಂದು ಮೊದಲೇ ವಿಚಾರಿಸಿ, ಬೇಕಿದ್ದರೆ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ. ಲಸಿಕೆ ಕಡ್ಡಾಯವಿದ್ದೂ ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಸಕ್ಕೆ (ಕ್ವಾರಂಟೈನ್) ಕಳುಹಿಸಬಹುದು. ಮಲೇರಿಯಾದ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ದೊಡ್ಡ ಆಸ್ಪತ್ರೆ ಬಹಳ ದೂರವಿರುವುದರಿಂದ ತುರ್ತು ಸಾಗಣೆಯನ್ನೂ ಒಳಗೊಂಡ ವಿಮೆ ಅಗತ್ಯ. ಸಣ್ಣ ವಿಮಾನ ಹತ್ತುವವರು ಗಟ್ಟಿ ಸೂಟ್‌ಕೇಸ್ ಬಿಟ್ಟು ಮೆತ್ತನೆಯ ಚೀಲದಲ್ಲಿ, ಮಿತವಾದ ಸಾಮಾನು ತುಂಬಿಕೊಳ್ಳಬೇಕು.

ಕಾಲದ ಆಯ್ಕೆ ಬಹಳ ಮುಖ್ಯ. ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಒಣ ಹವೆ. ಅದರಲ್ಲೂ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಚಿಂಪಾಂಜಿಗಳು ಬೆಟ್ಟದ ಕೆಳಭಾಗಕ್ಕೆ, ಸರೋವರದ ಸಮೀಪಕ್ಕೆ ಬರುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಹುಡುಕಾಟ ಬಹಳ ದೀರ್ಘವಾಗುತ್ತದೆ. ಕಾಡಿಗೆ ಹೋಗಲು ಒಂದೇ ದಿನವಿಟ್ಟುಕೊಂಡು ಯಾರೂ ಹೋಗಬೇಡಿ. ಗುಂಪು ತೀರಾ ಎತ್ತರದಲ್ಲಿದ್ದರೆ ಕೆಲವು ದಿನ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಹೊರಡುವ ಬೆಳಗ್ಗೆ ನಿಮಗೆ ನೆಗಡಿಯೋ ಜ್ವರವೋ ಇದ್ದರೆ ಕೊಟ್ಟ ಹಣದ ಮುಖ ನೋಡದೆ ನಿಮ್ಮನ್ನು ಬಂಡಾದಲ್ಲೇ ಉಳಿಸುತ್ತಾರೆ. ಹಾಗಾಗಿ ಒಂದೆರಡು ದಿನ ಹೆಚ್ಚುವರಿಯಾಗಿ ಇಟ್ಟುಕೊಂಡೇ ಟಿಕೆಟ್ ಮಾಡಿಸಿ.