ಮಾರ್ಚಿನಲ್ಲಿ ಒಣಗಿದ್ದ ಗೋಡೆ: ಹಳೆಯ ಮನೆಗೆ ಮಾಡಿಸಿದ ತಪಾಸಣೆಯ ಅನುಭವ

ಕೊಡಗಿನ ಮೂರ್ನಾಡಿನ ಸಮೀಪ ಎರಡೂವರೆ ಎಕರೆ ಕಾಫಿ ತೋಟದೊಂದಿಗೆ ಮಾರಾಟಕ್ಕಿದ್ದ ಹಂಚಿನ ಮನೆಯೊಂದನ್ನು ಕೊಳ್ಳುವ ಮೊದಲು, ಕಟ್ಟಡಗಳನ್ನು ಪರೀಕ್ಷಿಸಿ ವರದಿ ಕೊಡುವ ಇಬ್ಬರನ್ನು ಮೈಸೂರಿನಿಂದ ಕರೆಸಿದ್ದೆ. ಪಹಣಿ ಮತ್ತು ಋಣಭಾರ ಪತ್ರಗಳನ್ನು ನೋಡಲು ವಕೀಲರಿಗೆ ಶುಲ್ಕ ಕೊಡುವ ನಾವು, ಗೋಡೆ ಮತ್ತು ಮಾಡನ್ನು ಮಾತ್ರ ಪರಿಚಯದ ಮೇಸ್ತ್ರಿಗೆ ಒಮ್ಮೆ ತೋರಿಸಿ ಸುಮ್ಮನಾಗುತ್ತೇವೆ. ಈ ಸೇವೆ ನಮ್ಮ ಕಡೆಗೆ ಇನ್ನೂ ಹೊಸದಾಗಿರುವುದರಿಂದ, ಅದರಲ್ಲಿ ನನಗೆ ಸಿಕ್ಕಿದ್ದನ್ನೂ ಸಿಗದೆ ಹೋದದ್ದನ್ನೂ ವಿವರವಾಗಿ ಬರೆಯುತ್ತಿದ್ದೇನೆ. ಅವರು ಮಾಡಿದ ಒಂದು ತಪ್ಪೂ ಇದರಲ್ಲಿ ಬರುವುದರಿಂದ ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ. ಮೊದಲ ಭೇಟಿಗೆ 11,000 ರೂಪಾಯಿ, ಜುಲೈನಲ್ಲಿ ನಡೆದ ಎರಡನೆಯ ಭೇಟಿಗೆ 4,000 ರೂಪಾಯಿ ಪಡೆದರು.

ಬಂದವರಲ್ಲಿ ಹಿರಿಯರು ಮೂವತ್ತು ವರ್ಷ ಕಟ್ಟಡ ಕೆಲಸಗಳ ಮೇಲ್ವಿಚಾರಣೆ ಮಾಡಿದವರು, ಕಿರಿಯರು ಸಿವಿಲ್ ಎಂಜಿನಿಯರಿಂಗ್ ಓದಿದವರು. ಬೆಳಿಗ್ಗೆ ಏಳಕ್ಕೆಲ್ಲ ತಲುಪಿದರು. ಪೆಟ್ಟಿಗೆಯಲ್ಲಿ ತೇವಾಂಶ ಮಾಪಕ, ಥರ್ಮಲ್ ಕ್ಯಾಮೆರಾ, ಲೇಸರ್ ಮಟ್ಟ ಎಲ್ಲವೂ ಇದ್ದವು, ಏಣಿ ಮಾತ್ರ ಇರಲಿಲ್ಲ. ಕೊನೆಗೆ ಕರಿಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿಯನ್ನು ಗೋಡೆಗೆ ಒರಗಿಸಿ, ಅದನ್ನು ನಾನು ಹಿಡಿದುಕೊಂಡು, ಕಿರಿಯರು ಅಟ್ಟದ ಕಿಂಡಿಯವರೆಗೆ ಹತ್ತಿದರು. ಹನ್ನೊಂದು ಸಾವಿರ ಪಡೆಯುವವರು ಏಣಿ ತರಬೇಕಿತ್ತು ಎಂದು ಆಗಲೇ ಹೇಳಿದ್ದೆ.

ಮನೆಯಲ್ಲಿ ಎರಡು ಭಾಗಗಳಿವೆ. ಮುಂದಿನದು 1950ರ ದಶಕದ್ದು: ಸುಟ್ಟ ಇಟ್ಟಿಗೆಯನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಗೋಡೆ, ಮಂಗಳೂರು ಹಂಚು, ಕೆಂಪು ಕಾವಿ ನೆಲ. ಹಿಂದಿನದು ಇಪ್ಪತ್ತು ವರ್ಷಗಳ ಕೆಳಗೆ ಸೇರಿಸಿದ ಆರ್‌ಸಿಸಿ ತಾರಸಿಯ ಎರಡು ಕೋಣೆ ಮತ್ತು ಬಚ್ಚಲು. ನನ್ನನ್ನು ಕಾಡುತ್ತಿದ್ದದ್ದು ಈ ಹಿಂದಿನ ಭಾಗವೇ. ತಾರಸಿಯ ಅಡಿಯಲ್ಲಿ, ಗೋಡೆ ಮತ್ತು ಸ್ಲ್ಯಾಬ್ ಸೇರುವಲ್ಲಿ, ದಾರ ಎಳೆದಂತೆ ಉದ್ದಕ್ಕೂ ಒಂದು ಬಿರುಕು ಇತ್ತು. 2018ರ ಆಗಸ್ಟ್‌ನ ಭೂಕುಸಿತಗಳ ನಂತರ ಕೊಡಗಿನಲ್ಲಿ ಗೋಡೆಯ ಬಿರುಕನ್ನು ಯಾರೂ ಬರೀ ಬಿರುಕೆಂದು ನೋಡುವುದಿಲ್ಲ, ಮನೆಯ ಹಿಂದಿನ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಕುಸಿಯುವುದರ ಮುನ್ಸೂಚನೆ ಎಂದೇ ಭಾವಿಸುತ್ತಾರೆ. ಮನೆಯ ಬೆಲೆ ಇಳಿದದ್ದಕ್ಕೂ ಬಹುಶಃ ಅದೇ ಕಾರಣವಿರಬೇಕು.

ಹಿರಿಯರು ಅದನ್ನು ಕಂಡೊಡನೆ ಪಾಯ ಇಳಿದಿರಬಹುದು ಎಂದರು. ಕಿರಿಯರು ಒಪ್ಪಲಿಲ್ಲ. ಬಿರುಕಿಗೆ ಅಡ್ಡಲಾಗಿ, ಮೇಲಿನಿಂದ ಕೆಳಕ್ಕೆ, ಸೀಸದ ಕಡ್ಡಿಯಿಂದ ತೆಳುವಾದ ಒಂದು ನೇರ ಗೆರೆ ಎಳೆದು ಪಕ್ಕದಲ್ಲಿ ತಾರೀಖನ್ನೂ ಬೆಳಿಗ್ಗೆ 7.20 ಎಂದೂ ಬರೆದರು. ಊಟ ಮುಗಿಸಿ ಮಧ್ಯಾಹ್ನ ಮೂರು ಗಂಟೆಗೆ ಮೂವರೂ ಹೋಗಿ ನೋಡಿದಾಗ ಗೆರೆ ಬಿರುಕಿನ ಬಳಿ ತುಂಡಾಗಿತ್ತು. ಮೇಲಿನ ಅರ್ಧ ಹೊರಗೋಡೆಯ ಕಡೆಗೆ ಅರ್ಧ ಮಿಲಿಮೀಟರಿನಷ್ಟು ಸರಿದಿತ್ತು. ಕಾಂಕ್ರೀಟು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಮೀಟರಿಗೆ ಸುಮಾರು ನೂರನೆಯ ಒಂದು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಎಂಟು ಮೀಟರ್ ಉದ್ದದ ಸ್ಲ್ಯಾಬು ಮುಂಜಾನೆಯ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ ಹದಿನೈದು ಡಿಗ್ರಿ ಏರಿದರೆ ಒಟ್ಟು ಒಂದು ಮಿಲಿಮೀಟರಿಗೂ ತುಸು ಹೆಚ್ಚು, ಅಂದರೆ ಒಂದೊಂದು ತುದಿಯಲ್ಲಿ ಅದರ ಅರ್ಧದಷ್ಟು ಸರಿಯಲೇಬೇಕು. ಇಟ್ಟಿಗೆಯ ಗೋಡೆ ಅಷ್ಟು ಹಿಗ್ಗದ ಕಾರಣ ಇವೆರಡರ ನಡುವೆ ಗಾರೆ ಬಿರಿಯುತ್ತದೆ. ಕುಸಿಯುವ ಪಾಯವಾದರೆ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಎಂದು ಓಡಾಡುವುದಿಲ್ಲವಲ್ಲ! ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 25 ಕೈಪಿಡಿಯಲ್ಲಿ ಇಂಥ ಬಿರುಕಿನ ಚಿತ್ರವೇ ಇದೆ ಎಂದು ಕಿರಿಯರು ಮೊಬೈಲಿನಲ್ಲಿ ತೋರಿಸಿದರು. ಹಿರಿಯರು ಎರಡು ನಿಮಿಷ ಗೆರೆಯನ್ನೇ ನೋಡಿ, "ಸರಿ ಕಣಪ್ಪ, ನಾನು ಹೇಳಿದ್ದು ತಪ್ಪು" ಎಂದರು. ಹಣ ಕೊಟ್ಟವರ ಎದುರಿಗೇ ಹೀಗೆ ಹೇಳುವವರು ಯಾವ ಕಸುಬಿನಲ್ಲೂ ಕಡಿಮೆ.

ತಾರಸಿಯ ಮೇಲೆ ಶೀಟಿನ ಮಾಡು ಹಾಕುವುದರ ಬಗ್ಗೆ ಚಹಾದ ಹೊತ್ತಿನಲ್ಲಿ ಇಬ್ಬರಿಗೂ ಸಣ್ಣ ಜಗಳವೇ ನಡೆಯಿತು. ಮಡಿಕೇರಿಯಿಂದ ವಿರಾಜಪೇಟೆಯವರೆಗೆ ತಾರಸಿ ಮನೆಗಳೆಲ್ಲ ನೀಲಿ, ಕೆಂಪು ಶೀಟಿನ ಟೋಪಿ ಹಾಕಿಕೊಂಡು ಗೋದಾಮುಗಳಂತೆ ಕಾಣುತ್ತವೆ ಎಂಬುದು ಹಿರಿಯರ ದೂರು. ಇಷ್ಟೊಂದು ಮಳೆ ಸುರಿಯುವ ಕಡೆ ಸಮತಟ್ಟಾದ ತಾರಸಿ ಕಟ್ಟಿದ್ದೇ ತಪ್ಪು, ಶೀಟು ಅದಕ್ಕೆ ಮದ್ದು ಎಂಬುದು ಕಿರಿಯರ ವಾದ. ನೆರಳಾದರೆ ಸ್ಲ್ಯಾಬು ಕಾಯುವುದೂ ಕಡಿಮೆಯಾಗಿ ಬಿರುಕಿನ ಓಡಾಟವೂ ತಗ್ಗುತ್ತದೆ ಎಂದರು. ಅಂದಕ್ಕೆ ಸಂಬಂಧಿಸಿ ನಾನು ಹಿರಿಯರ ಪಕ್ಷ. ಆದರೂ ಮನೆ ಕೊಂಡ ಮೇಲೆ ಮೇ ತಿಂಗಳಲ್ಲಿ ಶೀಟು ಹಾಕಿಸಿದೆ.

ವಿದ್ಯುತ್ತು, ಗೆದ್ದಲು, ನೀರಿನ ಪೈಪುಗಳ ತಪಾಸಣೆ ಬೇಗ ಮುಗಿಯಿತು. ಹಳೆಯ ಭಾಗದ ಪ್ಲಗ್ಗುಗಳಿಗೆ ಅರ್ಥಿಂಗ್ ಇರಲಿಲ್ಲ, ಶಾಕ್ ಹೊಡೆದರೆ ತಕ್ಷಣ ಪ್ರವಾಹ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯೂ ಇರಲಿಲ್ಲ. ಅಟ್ಟದಲ್ಲಿ ಹಂಚಿನ ಭಾರ ಹೊರುವ ಹಲಸಿನ ಮೂಲ ಪಕಾಸುಗಳು ಗಟ್ಟಿಯಾಗಿದ್ದವು, ನಡುವೆ ಯಾರೋ ಸೇರಿಸಿದ ಸಿಲ್ವರ್ ಓಕಿನ ಐದು ಪಕಾಸುಗಳಲ್ಲಿ ಕುಟ್ಟೆಹುಳು ಹಿಟ್ಟು ಉದುರಿಸುತ್ತಿತ್ತು. ತೋಟದಲ್ಲಿ ನೆರಳಿಗೆಂದು ಬೆಳೆಸಿದ ಮರ ಅಗ್ಗಕ್ಕೆ ಸಿಗುತ್ತದೆಂದು ಮಾಡಿಗೂ ಏರಿಸಿದರೆ ಆಗುವುದೇ ಹೀಗೆ.

ಅವರು ತಪ್ಪಿದ್ದು ಹಳೆಯ ಭಾಗದ ನಡುಕೋಣೆಯಲ್ಲಿ. ಹೊಸದಾಗಿ ಎಮಲ್ಷನ್ ಬಣ್ಣ ಹೊಡೆದಿದ್ದ ಆ ಗೋಡೆಯ ಎರಡು ಕಡೆ ಮಾಪಕ ಒತ್ತಿ, ಒಣಗಿದೆ ಎಂದು ಬರೆದುಕೊಂಡು ಮುಂದೆ ಹೋದರು. ಮಾರ್ಚಿನಲ್ಲಿ ಕೊಡಗಿನ ಯಾವ ಗೋಡೆ ತಾನೇ ಒದ್ದೆಯಾಗಿರುತ್ತದೆ? ಜೂನ್ ಕೊನೆಯ ವಾರ ಅದೇ ಗೋಡೆಯಲ್ಲಿ ಬಣ್ಣ ಗುಳ್ಳೆಯೆದ್ದಿತು. ಜುಲೈ ಮಧ್ಯದಲ್ಲಿ ಕಕ್ಕಡ, ಅಂದರೆ ಕೊಡಗಿನ ಜಡಿಮಳೆಯ ತಿಂಗಳು, ಹುಟ್ಟುವ ಹೊತ್ತಿಗೆ ನೆಲದಿಂದ ನಾಲ್ಕಡಿ ಎತ್ತರದವರೆಗೆ ಕಪ್ಪು ತೇವ ಹರಡಿ, ಕೈಯಿಟ್ಟರೆ ಅಂಗೈಗೆ ಅಂಟುತ್ತಿತ್ತು. ಅದು ಹೊರಗೋಡೆಯಲ್ಲ, ಇರಚಲು ಬಡಿಯುವ ಮಾತೇ ಇಲ್ಲ. ಮೇಲೆ ಹಂಚು ಸೋರುತ್ತಿರಲಿಲ್ಲ, ಆಚೆ ಬದಿಯಲ್ಲಿ ಬಚ್ಚಲೂ ಇರಲಿಲ್ಲ. ಊರಿನ ಮೇಸ್ತ್ರಿ ಗೋಡೆ ನೆಲದ ನೀರು ಕುಡಿದಿದೆ ಎಂದು ತೀರ್ಮಾನಿಸಿ, ಗಾರೆ ಕೆತ್ತಿ ವಾಟರ್‌ಪ್ರೂಫ್ ಸಿಮೆಂಟು ಬಳಿಯಲು 38,000 ರೂಪಾಯಿ ಹೇಳಿದರು. ನಾನು ಸಿಟ್ಟಿನಲ್ಲೇ ಮೈಸೂರಿಗೆ ಫೋನು ಮಾಡಿದೆ. ಹಿರಿಯರು ಸಬೂಬು ಹೇಳದೆ, ಮಳೆಗಾಲದಲ್ಲಿ ಒಮ್ಮೆ ನೋಡಲೇಬೇಕಿತ್ತು, ಮೊದಲೇ ಹೇಳದಿದ್ದದ್ದು ನಮ್ಮ ತಪ್ಪು ಎಂದು ಒಪ್ಪಿಕೊಂಡು ಮೂರನೆಯ ದಿನ ಬಂದರು. ಆದರೂ 4,000 ರೂಪಾಯಿ ಪಡೆದದ್ದು ಸರಿಯೇ ಎಂಬ ಪ್ರಶ್ನೆ ನನ್ನಲ್ಲಿ ಉಳಿದಿದೆ.

ಈ ಸಲ ಹಿರಿಯರೂ ಮೇಸ್ತ್ರಿಯ ಮಾತನ್ನೇ ಹೇಳಿದರು. ಹಳೆಯ ಪಾಯದಲ್ಲಿ ತೇವ ತಡೆಯುವ ಪದರವಿಲ್ಲ, ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಮೂರು ನಾಲ್ಕು ಅಡಿ ಏರುವುದು ಸಹಜ ಎಂಬುದು ಅವರ ತರ್ಕ. ಎರಡು ಮೊಳೆಗಳ ಮಾಪಕವೂ ಅದನ್ನೇ ಹೇಳುವಂತಿತ್ತು, ಮುಳ್ಳು ಕೊನೆ ಮುಟ್ಟಿತ್ತು. ಕಿರಿಯರು ಮಾತ್ರ ಗೋಡೆಯಿಂದ ಆರಡಿ ಹಿಂದೆ ನಿಂತು ಕಲೆಯ ಮೇಲಂಚನ್ನು ಬೆರಳಿನಿಂದ ಗಾಳಿಯಲ್ಲೇ ತೋರಿಸುತ್ತ ಹೋದರು. ನೆಲದಿಂದ ಏರಿದ ತೇವ ಸಾಮಾನ್ಯವಾಗಿ ಗೋಡೆಯ ಉದ್ದಕ್ಕೂ ತುಸುವಾದರೂ ಏರಿಳಿಯುತ್ತದೆ, ಇದು ಮೇಜಿನ ಅಂಚಿನಂತೆ ಮಟ್ಟಸವಾಗಿ ಹೋಗಿ ಬಾಗಿಲಿಗೆ ಒಂದೂವರೆ ಅಡಿ ಮುಂಚೆ ಸರಕ್ಕನೆ ನಿಂತಿದೆ. ಇದೇ ಪಾಯದ ಮೇಲೆ ನಿಂತಿರುವ ಪಕ್ಕದ ಕೋಣೆಯ ಗೋಡೆ ಏಕೆ ಒಣಗಿದೆ, ಎಂದು ಕೇಳಿದರು. ಮಾಪಕದ ಮುಳ್ಳನ್ನು ನಂಬಬೇಡಿ ಎಂದೂ ಹೇಳಿದರು. ಅದು ನೀರನ್ನು ಅಳೆಯುವುದಿಲ್ಲ, ಎರಡು ಮೊಳೆಗಳ ನಡುವೆ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಅಳೆಯುತ್ತದೆ; ಗಾರೆಯಲ್ಲಿ ಉಪ್ಪು ಸೇರಿದ್ದರೆ ಸ್ವಲ್ಪ ಪಸೆಗೇ ಅದು ಕೊನೆಗೆ ಏರುತ್ತದೆ. ಥರ್ಮಲ್ ಕ್ಯಾಮೆರಾದ ನೀಲಿ ಬಣ್ಣವೂ ಅಷ್ಟೇ. ಅಲ್ಲಿ ತಂಪಿದೆ ಎಂದಷ್ಟೇ ಅದರ ಅರ್ಥ.

ಆಮೇಲೆ ಅವರು ಡ್ರಿಲ್ಲಿನಿಂದ ಒಂದೇ ಕಡೆ ಬೇರೆ ಬೇರೆ ಆಳದ ಪುಡಿ ತೆಗೆದು, ಒಂದೊಂದನ್ನೂ ತೂಗಿ, ಕ್ಯಾಲ್ಸಿಯಂ ಕಾರ್ಬೈಡಿನೊಂದಿಗೆ ಲೋಹದ ಬಾಟಲಿಯಲ್ಲಿ ಮುಚ್ಚಿ ಕುಲುಕಿದರು. ಮಾವು ಮಾಗಿಸಲು ಕದ್ದುಮುಚ್ಚಿ ಬಳಸುವ ಕಾರ್ಬೈಡೇ ಇದು. ಪುಡಿಯಲ್ಲಿ ನೀರಿದ್ದಷ್ಟು ಅನಿಲ ಹುಟ್ಟಿ ಬಾಟಲಿಯ ಬುಡದ ಮಾಪಕದಲ್ಲಿ ಒತ್ತಡ ಏರುತ್ತದೆ. ಮೇಲ್ಪದರದ ಪುಡಿಗೆ ಮುಳ್ಳು ಚೆನ್ನಾಗಿಯೇ ಏರಿತು, ಮೂರು ಅಂಗುಲ ಒಳಗಿನ ಪುಡಿಗೆ ಕದಲಲೇ ಇಲ್ಲವೆನ್ನಬೇಕು. ನೆಲದಿಂದ ನೀರು ಏರಿದ್ದರೆ ಗೋಡೆಯ ಒಡಲೇ ಹೆಚ್ಚು ಒದ್ದೆಯಾಗಿರಬೇಕಿತ್ತು. ಅಲ್ಲಿಗೆ ನೀರು ಬರುತ್ತಿರುವುದು ಗಾಳಿಯಿಂದ ಎಂದಾಯಿತು, ಆದರೆ ಈ ಒಂದು ಗೋಡೆಗೇ ಏಕೆ ಎಂಬುದು ತಿಳಿಯಲಿಲ್ಲ. ಕಿರಿಯರು ನನ್ನ ಕಡೆ ತಿರುಗಿ, "ಈ ಕೋಣೇಲಿ ಮೊದಲು ಏನಿತ್ತು ಸಾರ್?" ಎಂದರು. ಮನೆಗೆ ನಾನೇ ಹೊಸಬ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ, ಈ ತೋಟದ ಕೂಲಿಕಾರರ ಲೈನ್‌ಮನೆಯಲ್ಲೇ ನಲವತ್ತು ವರ್ಷ ಕಳೆದ ಅಜ್ಜಿಯನ್ನು ಕೂಗಿ ಕೇಳಿದೆ.

"ಅದು ಗೊಬ್ಬರದ ರೂಮಲ್ವಾ? ಪೊಟ್ಯಾಷು, ಯೂರಿಯಾ ಎಲ್ಲ ಅಲ್ಲೇ ಒಟ್ಟುತಿದ್ರು" ಎಂದರು ಅಜ್ಜಿ. ಚೀಲಗಳನ್ನು ಎಲ್ಲಿಯವರೆಗೆ ಒಟ್ಟುತ್ತಿದ್ದರು ಎಂದು ಕೇಳಿದಾಗ ಒದ್ದೆ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದರು. ಕಲೆಯ ಮೇಲಂಚು ಅಲ್ಲಿಗೇ ಇತ್ತು. ಬಾಗಿಲ ಬಳಿ ಒಂದೂವರೆ ಅಡಿ ಬಿಟ್ಟದ್ದು ಓಡಾಡಲು.

ಇದರ ಕೆಮಿಸ್ಟ್ರಿ ಸರಳವಾಗಿದೆ. ಚೀಲಗಳಿಂದ ಕರಗಿದ ಗೊಬ್ಬರ ವರ್ಷಗಟ್ಟಲೆ ಗಾರೆಯೊಳಗೆ ಇಳಿದಿದೆ. ಗಾಳಿಯ ತೇವ ಒಂದು ಮಟ್ಟ ದಾಟಿದರೆ ಇಂಥ ಲವಣಗಳು ಗಾಳಿಯಿಂದಲೇ ನೀರೆಳೆದುಕೊಂಡು ಕರಗುತ್ತವೆ. ಯೂರಿಯಾಕ್ಕೆ ಆ ಮಟ್ಟ ಸುಮಾರು 75 ಪ್ರತಿಶತ, ಪೊಟ್ಯಾಷಿಗೆ ಸುಮಾರು 84, ಎರಡೂ ಬೆರೆತರೆ ಇನ್ನೂ ಕಡಿಮೆ. ಡಬ್ಬಿಯ ಉಪ್ಪೇ ನೀರಾಗುವ ಕಕ್ಕಡದಲ್ಲಿ ಗಾಳಿಯ ತೇವ ದಿನಗಟ್ಟಲೆ ಈ ಮಟ್ಟಕ್ಕಿಂತ ಕೆಳಗಿಳಿಯುವುದಿಲ್ಲ. ಬೇಸಿಗೆಯಲ್ಲಿ ಅದೇ ಉಪ್ಪು ಒಣಗಿ ಬಿಳಿ ಪುಡಿಯಾಗುತ್ತದೆ, ಮೇಲೆ ಬಣ್ಣ ಹೊಡೆದರೆ ಅದೂ ಕಾಣುವುದಿಲ್ಲ. ಮೇಸ್ತ್ರಿ ಹೇಳಿದಂತೆ ವಾಟರ್‌ಪ್ರೂಫ್ ಸಿಮೆಂಟು ಬಳಿದಿದ್ದರೆ ಇಟ್ಟಿಗೆಯಲ್ಲಿ ಉಳಿದ ಉಪ್ಪು ಅದರ ಹಿಂದೆ ಹರಳುಗಟ್ಟಿ ಕೆಲವೇ ವರ್ಷಗಳಲ್ಲಿ ಅದನ್ನೇ ಹೊರಕ್ಕೆ ತಳ್ಳುತ್ತಿತ್ತು. ಕಲೆಯ ಅಂಚಿನಿಂದ ಒಂದಡಿ ಆಚೆಯವರೆಗೂ ಗಾರೆ ಕೆತ್ತಿ, ಕೆತ್ತಿದ್ದನ್ನು ಅಂಗಳದಲ್ಲಿ ಬಿಡದೆ ಸಾಗಿಸಿ, ಇಟ್ಟಿಗೆಯ ಸಂದುಗಳನ್ನು ಒಣ ಬ್ರಷ್ಷಿನಿಂದ ಉಜ್ಜಿ, ಬೇಸಿಗೆಯಲ್ಲಿ ಸುಣ್ಣದ ಗಾರೆ ಬಳಿಯಬೇಕೆಂದು ಇಬ್ಬರೂ ಒಮ್ಮತದಿಂದ ಹೇಳಿದರು. ಉಪ್ಪು ಪೂರ್ತಿ ಹೋಗುತ್ತದೆಂಬ ಭರವಸೆಯನ್ನು ಇಬ್ಬರೂ ಕೊಡಲಿಲ್ಲ.

ಇಷ್ಟೆಲ್ಲ ನಡೆದ ಮೇಲೆ ಕೈಗೆ ಬಂದ ವರದಿ ನಿರಾಸೆ ತಂದಿತು. 46 ಪುಟ, ಎಲ್ಲವೂ ಇಂಗ್ಲಿಷು, ಅರ್ಧದಷ್ಟು ಬಣ್ಣಬಣ್ಣದ ಥರ್ಮಲ್ ಚಿತ್ರಗಳು, ಪ್ರತಿ ಅಧ್ಯಾಯದ ಕೊನೆಗೆ ಸಂಬಂಧಪಟ್ಟ ತಜ್ಞರನ್ನು ಸಂಪರ್ಕಿಸಿ ಎಂಬ ಒಂದೇ ವಾಕ್ಯ. ಗೆರೆ ಎಳೆದು ಬಿರುಕಿನ ಗುಟ್ಟು ಬಯಲು ಮಾಡಿದ ಪ್ರಯೋಗಕ್ಕೆ ಅದರಲ್ಲಿ ಒಂದೂವರೆ ಸಾಲು, ಅಜ್ಜಿಯ ಮಾತಿಗೆ ಜಾಗವೇ ಇಲ್ಲ. ಕೆಲಸ ಮಾಡಬೇಕಾದ ಮೇಸ್ತ್ರಿಗೆ ಇಂಗ್ಲಿಷ್ ವರದಿಯಿಂದ ಏನು ಉಪಯೋಗ ಎಂದು ಕೇಳಿದ ಮೇಲೆ ಹಿರಿಯರು ಎರಡು ಪುಟ ಕನ್ನಡದಲ್ಲಿ ಕೈಯಿಂದ ಬರೆದು ಫೋಟೋ ಕಳಿಸಿದರು. ಮೇಸ್ತ್ರಿಯ ಜೇಬಿನಲ್ಲಿರುವುದು ಆ ಎರಡು ಪುಟಗಳೇ. ಈ ಸೇವೆ ಪಡೆಯುವವರು ತಪಾಸಣೆಯ ದಿನ ಮನೆಯಲ್ಲೇ ಇದ್ದು ಅವರ ಹಿಂದೆಯೇ ಸುತ್ತಬೇಕು, ಕೊಟ್ಟ ಹಣಕ್ಕೆ ಸಿಗುವುದು ಅವರಿಬ್ಬರ ವಾದವೇ ಹೊರತು ಕಾಗದವಲ್ಲ. ಮಳೆಗಾಲದ ಭೇಟಿಯನ್ನೂ ಮೊದಲೇ ಸೇರಿಸಿ ದರ ಮಾತಾಡಿಕೊಳ್ಳುವುದು ಒಳ್ಳೆಯದು.

ಬರೆಯ ವಿಷಯ ಇನ್ನೂ ಮುಗಿದಿಲ್ಲ. ಗುಡ್ಡ ಕಡಿದು ಮಟ್ಟ ಮಾಡಿದ ಜಾಗದ ತುದಿಯಲ್ಲಿ, ಮಣ್ಣು ತುಂಬಿದ ಕಡೆ, ಬಚ್ಚಲಿನ ಮೂಲೆಯಲ್ಲಿ ಒಂದು ಓರೆ ಬಿರುಕಿದೆ. ಅದು ಮೇಲ್ಗಡೆ ಅಗಲ, ಕೆಳಗೆ ಸಣ್ಣ. ಮೂಲೆ ಇಳಿದಿರುವ ಸಂಭವವಿದೆ ಎಂಬುದರಲ್ಲಿ ಇಬ್ಬರಿಗೂ ಭಿನ್ನಮತವಿರಲಿಲ್ಲ. ಬಿರುಕು ಅಗಲವಾದರೆ ಒಡೆದು ತಿಳಿಯಲೆಂದು ಅದರ ಮೇಲೆ ಮಾರ್ಚಿನಲ್ಲೇ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿದ್ದಾರೆ. ಜುಲೈನ ಜಡಿಮಳೆಯಲ್ಲಿ ಕೊಡೆ ಹಿಡಿದು ಹೋಗಿ ನೋಡಿದಾಗ, ಹಿಂದಿನ ತಡೆಗೋಡೆಯ ಹನ್ನೆರಡು ಪೈಪುಗಳಲ್ಲಿ ಒಂಬತ್ತರಿಂದ ಹನಿ ನೀರೂ ಬರುತ್ತಿರಲಿಲ್ಲ. ಒಳಗೆ ಮಣ್ಣು ಕಟ್ಟಿ ನೀರು ಗೋಡೆಯ ಹಿಂದೆಯೇ ನಿಲ್ಲುತ್ತಿದೆ, ಮೊದಲು ಅದನ್ನು ಬಿಡಿಸಿ ಎಂದರು. ಗುಡ್ಡದ ಬಗ್ಗೆ ಕೇಳಿದ್ದಕ್ಕೆ, ಅದು ನಮ್ಮ ವಿದ್ಯೆಯಲ್ಲ, ಭೂವಿಜ್ಞಾನಿಗಳಿಗೆ ತೋರಿಸಿ ಎಂದು ನೇರವಾಗಿ ಹೇಳಿದರು. ಪೈಪುಗಳನ್ನು ಬಿಡಿಸಿದ್ದಾಗಿದೆ, ಗಾಜು ಈವರೆಗೆ ಒಡೆದಿಲ್ಲ. ಬರುವ ಕಕ್ಕಡಕ್ಕೆ ಮತ್ತೊಮ್ಮೆ ಬರಲು ಅವರಿಗೇ ಹೇಳಿಟ್ಟಿದ್ದೇನೆ, ಏಣಿ ತರಬೇಕೆಂಬ ಷರತ್ತಿನೊಂದಿಗೆ.