ಅನುದಾನ ಕೊಡಿಸುತ್ತೇವೆ ಎನ್ನುವವರಿಗೆ ಓಟಿಪಿ ಹೇಳುವ ಮುನ್ನ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಗಳಲ್ಲಿ ಸಣ್ಣ ಯಂತ್ರ, ಸೌರ ಉಪಕರಣ, ಒಲೆ, ಡ್ರೈಯರ್ ತಯಾರಿಸುವ ಯಾರಿಗಾದರೂ "ಕೇಂದ್ರ ಸರ್ಕಾರದ ಅನುದಾನ ಕೊಡಿಸುತ್ತೇವೆ, ನೂರಕ್ಕೆ ನೂರು ಗ್ಯಾರಂಟಿ" ಎಂಬ ಕರೆ ಬಂದಿದ್ದರೆ, ಒಂದು ರೂಪಾಯಿ ಕಳಿಸುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಹುಬ್ಬಳ್ಳಿಯಲ್ಲಿ ಕಚೇರಿ ಇಟ್ಟುಕೊಂಡಿರುವ ಒಂದು ಸಲಹಾ ಸಂಸ್ಥೆ ನನ್ನಿಂದಲೂ ನನ್ನ ಭಾವನಿಂದಲೂ ಒಂದೂವರೆ ಲಕ್ಷದ ಹತ್ತಿರ ವಸೂಲಿ ಮಾಡಿತು. ಹಣ ಹೋದದ್ದು ಒಂದು ಕಡೆಯಾದರೆ, ಇನ್ನೊಮ್ಮೆ ಸಿಗದ ಅವಕಾಶವನ್ನೂ ಆ ಸಂಸ್ಥೆ ಹಾಳುಮಾಡಿತು. ದೂರು ಕೊಡುವ ಸಿದ್ಧತೆಯಲ್ಲಿರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ನಾವು ತಯಾರಿಸುತ್ತಿರುವುದು ಅಡಿಕೆ ಒಣಗಿಸುವ ಯಂತ್ರ. ಚಾಲಿ (ಸಿಪ್ಪೆಸಹಿತ ಒಣಗಿಸಿ ಸುಲಿಯುವ ಅಡಿಕೆ) ಮಾಡಲು ಅಂಗಳದಲ್ಲಿ ಸುಮಾರು 40 ದಿನ ಬಿಸಿಲು ಬೇಕು ಎಂಬುದೂ, ಕೊಯ್ಲಿನ ಹೊತ್ತಿಗೇ ಅಕಾಲಿಕ ಮಳೆ ಬಂದರೆ ಅಡಿಕೆಗೆ ಬೂಸ್ಟು ಹಿಡಿಯುತ್ತದೆ ಎಂಬುದೂ ಈ ಭಾಗದವರಿಗೆ ಹೇಳಬೇಕಾದ ವಿಷಯವಲ್ಲ. ಹಗಲು ಸೌರಶಾಖದಿಂದ, ರಾತ್ರಿ ಮತ್ತು ಮೋಡದ ದಿನಗಳಲ್ಲಿ ಅಡಿಕೆಯ ಸಿಪ್ಪೆಯನ್ನೇ ಉರಿಸಿ ಗಾಳಿಯನ್ನು ಬಿಸಿ ಮಾಡುವ, ಆದರೆ ಹೊಗೆ ಅಡಿಕೆಗೆ ತಾಗದಂತೆ ಕೊಳವೆಗಳ ಮೂಲಕ ಶಾಖವನ್ನು ಮಾತ್ರ ದಾಟಿಸುವ ಮಾದರಿಯೊಂದನ್ನು ಕಟ್ಟಿದ್ದೆವು. ಅದನ್ನು ದೊಡ್ಡದಾಗಿ ಕಟ್ಟಿ ಒಂದು ಹಂಗಾಮು ಪರೀಕ್ಷಿಸಲು ಹಣ ಬೇಕಿತ್ತು. ಇಂಥದ್ದಕ್ಕೆಂದೇ ಕೇಂದ್ರದ ಸ್ಟಾರ್ಟ್‌ಅಪ್ ಇಂಡಿಯಾ ಬೀಜನಿಧಿ ಯೋಜನೆ ಇತ್ತು. 2021ರಲ್ಲಿ 945 ಕೋಟಿ ರೂಪಾಯಿಗಳೊಂದಿಗೆ ಆರಂಭವಾದ ಈ ಯೋಜನೆಯಲ್ಲಿ, ಮೂಲಮಾದರಿ ಮತ್ತು ಪ್ರಯೋಗಗಳಿಗೆ 20 ಲಕ್ಷದವರೆಗೆ ಅನುದಾನವನ್ನು ಇನ್‌ಕ್ಯುಬೇಟರ್‌ಗಳ (ಹೊಸ ಉದ್ಯಮಗಳಿಗೆ ನೆರವಾಗುವ ಕೇಂದ್ರಗಳ) ಮೂಲಕ ಕಂತುಗಳಲ್ಲಿ ಕೊಡಲಾಗುತ್ತಿತ್ತು.

ಸಂಸ್ಥೆಯವರು ಹೇಳಿದ್ದು 20 ಲಕ್ಷವಲ್ಲ, 50 ಲಕ್ಷ. "ಸರ್, ವಾಪಸ್ ಕೊಡುವುದೇ ಇಲ್ಲ, ಪೂರ್ತಿ ಉಚಿತ" ಎಂದರು. ಯೋಜನೆಯಲ್ಲಿ 50 ಲಕ್ಷ ಎಂಬ ಅಂಕಿ ಇದ್ದದ್ದು ನಿಜ, ಆದರೆ ಅದು ಉತ್ಪನ್ನವನ್ನು ಮಾರುಕಟ್ಟೆಗೆ ತರುವ ಹಂತದಲ್ಲಿ ಸಾಲದ ರೂಪದಲ್ಲಿಯೋ ಪರಿವರ್ತನೀಯ ಡಿಬೆಂಚರ್ (ಮುಂದೆ ಷೇರಾಗಿ ಬದಲಾಗಬಲ್ಲ ಸಾಲಪತ್ರ) ರೂಪದಲ್ಲಿಯೋ ಸಿಗುತ್ತಿದ್ದ ಹಣ, ಅನುದಾನವಲ್ಲ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನವಿದೆ, ಕೇಂದ್ರದ ನಿಧಿ ಪ್ರಯಾಸ್ ಯೋಜನೆಯಲ್ಲಿ 10 ಲಕ್ಷದವರೆಗೆ ಇದೆ. ಇವೆಲ್ಲವನ್ನೂ ಕಲಸಿ, ಯಾವುದರ ಷರತ್ತು ಯಾವುದಕ್ಕೆ ಎಂಬುದೇ ತಿಳಿಯದಂತೆ ಮಾಡಿ, ಒಂದು ಬಣ್ಣದ ಕರಪತ್ರದಲ್ಲಿ ಅಚ್ಚು ಹಾಕಿಸಿದ್ದರು.

ಆಮೇಲೆ ಶುಲ್ಕಗಳು ಶುರುವಾದವು. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿಗೆ ಶುಲ್ಕ, ಸ್ಟಾರ್ಟ್‌ಅಪ್ ಮಾನ್ಯತೆಯ ಪ್ರಮಾಣಪತ್ರಕ್ಕೆ ಶುಲ್ಕ, ಯೋಜನಾ ವರದಿಗೆ ಶುಲ್ಕ, "ಫೈಲ್ ಮುಂದೆ ಹೋಗಲು" ಶುಲ್ಕ, ಇವೆಲ್ಲದರ ಮೇಲೆ ಶೇಕಡಾ 18ರ ಜಿಎಸ್‌ಟಿ. ಜಿಎಸ್‌ಟಿ ತೆಗೆದುಕೊಂಡರೂ ಬಿಲ್ಲು ಮಾತ್ರ ಕೊಡಲಿಲ್ಲ. ಹಣ ಹೋದದ್ದು ಯಾರದೋ ವೈಯಕ್ತಿಕ ಖಾತೆಗೆ. ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಸ್ಟಾರ್ಟ್‌ಅಪ್ ಮಾನ್ಯತೆಯೂ ಉಚಿತ. ಬೀಜನಿಧಿಗೆ ಅರ್ಜಿ ಹಾಕುವವರಿಂದ ಇನ್‌ಕ್ಯುಬೇಟರ್‌ಗಳು ಯಾವುದೇ ಶುಲ್ಕ ಪಡೆಯಕೂಡದು ಎಂದು ಯೋಜನೆಯ ಮಾರ್ಗಸೂಚಿಯಲ್ಲಿಯೇ ಇದೆ. ಇಷ್ಟು ಓದಿದವರು ಹೇಗೆ ಮೋಸಹೋದಿರಿ ಎಂದು ಈಗಾಗಲೇ ಕೆಲವರು ಕೇಳಿದ್ದಾರೆ. ಪಹಣಿ ತಿದ್ದುಪಡಿಗೂ, ಲೈಸೆನ್ಸಿಗೂ, ವಿದ್ಯುತ್ ಸಂಪರ್ಕಕ್ಕೂ ಏಜೆಂಟರಿಗೆ ಹಣ ಕೊಟ್ಟೇ ಕೆಲಸ ಮಾಡಿಸಿಕೊಳ್ಳುವ ಊರಿನಲ್ಲಿ ಕುಳಿತು ಕೇಳುವ ಪ್ರಶ್ನೆಯೇ ಇದು?

ಅರ್ಜಿ ಸಲ್ಲಿಸಿದ ಸಂಜೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ವರದಿಯನ್ನು ಒಮ್ಮೆ ಓದಿ ನೋಡುತ್ತೇವೆ, ಕಳಿಸಿ ಎಂದು ಮೊದಲಿನಿಂದಲೂ ಕೇಳುತ್ತಿದ್ದೆವು. "ರೆಡಿ ಆಗುತ್ತಿದೆ ಸರ್" ಎನ್ನುತ್ತಿದ್ದವರು ಆ ಸಂಜೆ ಏಕಾಏಕಿ ಕರೆ ಮಾಡಿ, "ಇವತ್ತೇ ಕೊನೆಯ ದಿನ, ಪೋರ್ಟಲ್ ಮುಚ್ಚುತ್ತದೆ, ಓಟಿಪಿ ಹೇಳಿ, ಬೇಗ ಹೇಳಿ" ಎಂದು ಅವಸರಪಡಿಸಿದರು. ಆ ಯೋಜನೆಗೆ ಕೊನೆಯ ದಿನ ಎಂಬುದೇ ಇರಲಿಲ್ಲ. ಅರ್ಜಿಗಳನ್ನು ನಿರಂತರವಾಗಿ ಸ್ವೀಕರಿಸಲಾಗುತ್ತಿತ್ತು. ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಇನ್‌ಕ್ಯುಬೇಟರ್‌ನ ಆಯ್ಕೆ ಸಮಿತಿ ವಿಡಿಯೊ ಕರೆಯಲ್ಲಿ ಸಂದರ್ಶನಕ್ಕೆ ಕರೆಯಿತು. ನಾನು ಮಾದರಿಯ ಚಿತ್ರಗಳನ್ನೂ, ಸಿಪ್ಪೆ ಎಷ್ಟು ಬೇಕಾಯಿತು, ತೇವ ಎಷ್ಟು ಇಳಿಯಿತು ಎಂಬ ನಮ್ಮ ಲೆಕ್ಕದ ಪುಸ್ತಕವನ್ನೂ ಎದುರಿಗಿಟ್ಟುಕೊಂಡು ಕುಳಿತಿದ್ದೆ. ಸಮಿತಿಯಲ್ಲಿದ್ದ ಹಿರಿಯ ಮೇಡಂ ಒಬ್ಬರು ಕೇಳಿದ ಮೊದಲ ಪ್ರಶ್ನೆ: "ನೀವು ಅಡಿಕೆ ಎಲೆಯನ್ನು ಏಕೆ ಒಣಗಿಸುತ್ತೀರಿ?" ಅವರು ಅಡಿಕೆ ಮರದ ಹಾಳೆಯ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡು, ಹಾಳೆಯಿಂದ ತಟ್ಟೆ ಮಾಡುತ್ತಾರೆ, ಆದರೆ ನಮ್ಮ ಯಂತ್ರ ಕಾಯಿಗೆ ಮಾತ್ರ ಎಂದು ವಿವರಿಸತೊಡಗಿದೆ. ಅವರು ನನ್ನನ್ನು ತಡೆದು ನಾವೇ ಸಲ್ಲಿಸಿದ್ದ ವರದಿಯನ್ನು ಓದಿದರು. ಅಡಿಕೆ ಎಲೆಯನ್ನು ಬಾಡಿಸಿ, ಸುರುಳಿಯಾಗಿ ಹೊಸೆದು, ಹುದುಗು ಬರಿಸಿ, ನಂತರ ನಮ್ಮ ಯಂತ್ರದಲ್ಲಿ ಒಣಗಿಸಲಾಗುವುದು ಎಂದು ಅದರಲ್ಲಿತ್ತು. ಕೂನೂರಿನ ಅಡಿಕೆ ಕಾರ್ಖಾನೆಗಳು ನಮ್ಮ ಮುಖ್ಯ ಗ್ರಾಹಕರು ಎಂದಿತ್ತು. ಯಾವುದೋ ಚಹಾ ಡ್ರೈಯರ್‌ನ ವರದಿಯನ್ನು ಎತ್ತಿ, ಚಹಾ ಎಂದಿದ್ದಲ್ಲೆಲ್ಲ ಅಡಿಕೆ ಎಂದು ತುಂಬಿ, ಮೇಲೆ ನಮ್ಮ ಹೆಸರು ಹಾಕಿ ಕಳಿಸಿದ್ದರು. ಅಡಿಕೆ ಎಲೆ! ತೋಟದಲ್ಲೇ ಹುಟ್ಟಿ ಬೆಳೆದ ಇಬ್ಬರು ಆ ಪರದೆಯ ಎದುರು ಬಾಯಿ ತೆರೆಯಲಾಗದೆ ಕುಳಿತೆವು. ಭಾವ ಕ್ಯಾಮೆರಾದಿಂದ ಪಕ್ಕಕ್ಕೆ ಸರಿದ. ಮೇಡಂ ಗದರಲಿಲ್ಲ. "ಇದನ್ನು ನೀವು ಬರೆದಿಲ್ಲ ಎಂಬುದು ಕಾಣುತ್ತದೆ" ಎಂದಷ್ಟೇ ಹೇಳಿ ಸಂದರ್ಶನ ಮುಗಿಸಿದರು. ನಮ್ಮ ಲೆಕ್ಕದ ಪುಸ್ತಕ ಅಲ್ಲೇ ಮೇಜಿನ ಮೇಲಿತ್ತು, ಅದನ್ನು ಯಾರೂ ನೋಡಲಿಲ್ಲ.

ಸಂಸ್ಥೆಯ ಉತ್ತರಗಳನ್ನು ಇದ್ದಂತೆಯೇ ಬರೆಯುತ್ತೇನೆ. ಮೊದಲ ಉತ್ತರ: "ಅಡಿಕೆಯೂ ಕೃಷಿ ಉತ್ಪನ್ನವೇ ಸರ್, ಡ್ರೈಯರ್ ಅಂದರೆ ಡ್ರೈಯರ್, ಟೆಂಪ್ಲೇಟ್ ಅದೇ ಇರುತ್ತದೆ." ಎರಡನೆಯ ಉತ್ತರ: "ವರದಿ ಸರಿಯಾಗಿಯೇ ಇತ್ತು, ಸಂದರ್ಶನದಲ್ಲಿ ಮಾತನಾಡಲು ನಿಮಗೆ ಬರಲಿಲ್ಲ. ಅದಕ್ಕೆ ನಮ್ಮಲ್ಲಿ ಬೇರೆ ತರಬೇತಿ ಇದೆ, ಅದರ ಶುಲ್ಕ ಬೇರೆ." ಹಣ ವಾಪಸ್ ಕೇಳಿದಾಗ ಬಂದ ಉತ್ತರ: "ನಾವು ಕೊಡುವುದು ಸಲಹೆ ಮಾತ್ರ, ಮಂಜೂರಾತಿಯ ಭರವಸೆ ಅಲ್ಲ, ಒಪ್ಪಂದ ನೋಡಿ." ನೂರಕ್ಕೆ ನೂರು ಗ್ಯಾರಂಟಿ ಎಂದಿರಲ್ಲ ಎಂದರೆ, "ಅದು ಮಾರ್ಕೆಟಿಂಗ್‌ನವರು ಹೇಳಿದ್ದು" ಎಂದರು. ಮಾರ್ಕೆಟಿಂಗ್‌ನವರು ಯಾರ ಸಂಬಳಕ್ಕೆ ದುಡಿಯುತ್ತಾರೋ ದೇವರೇ ಬಲ್ಲ. ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎಂದಾಗ, "ಹೋಗಿ ಸರ್, ಇದು ವಾಣಿಜ್ಯ ವ್ಯವಹಾರ, ಅಲ್ಲಿ ನಡೆಯುವುದಿಲ್ಲ. ಏನಿದ್ದರೂ ಬೆಂಗಳೂರು ನ್ಯಾಯಾಲಯಕ್ಕೆ ಬನ್ನಿ" ಎಂದು ನಕ್ಕರು. ನಕ್ಕರು ಎಂಬುದನ್ನು ಮರೆಯಲಾರೆ.

ಮತ್ತೆ ನಾವೇ ಬರೆದು ಅರ್ಜಿ ಹಾಕೋಣವೆಂದರೆ ದಾರಿ ಮುಚ್ಚಿತ್ತು. ಬೀಜನಿಧಿಗೆ ಅರ್ಜಿ ಹಾಕುವ ದಿನಕ್ಕೆ ಅರ್ಜಿದಾರರ ಕಂಪನಿ ನೋಂದಣಿಯಾಗಿ ಎರಡು ವರ್ಷ ದಾಟಿರಬಾರದು ಎಂಬ ನಿಯಮವಿತ್ತು. ಈ ಸಲಹಾ ಸಂಸ್ಥೆಯವರ ಅವಸರಕ್ಕೆ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಸಿದ್ದೆವು, ಅದಾದ ಮೇಲೆ "ಆಗುತ್ತಿದೆ ಸರ್" ಎನ್ನುತ್ತಲೇ ತಿಂಗಳುಗಟ್ಟಲೆ ಕಳೆದಿದ್ದರು, ಅಷ್ಟರಲ್ಲಿ ಆ ಎರಡು ವರ್ಷ ಮುಗಿದಿತ್ತು. ಒಣಗಿಸುವ ಯಂತ್ರ ಶೆಡ್ಡಿನಲ್ಲಿದೆ. ವರ್ಷಾವರ್ಷ ಲೆಕ್ಕಪರಿಶೋಧನೆಗೆ ಹಣ ಕೊಡಬೇಕಾದ ಕಂಪನಿಯೊಂದು ಕೈಯಲ್ಲಿದೆ.

ಅಂಕೋಲಾದ ಪರಿಚಿತರೊಬ್ಬರು ಒಣಮೀನಿನ ಸೌರ ಘಟಕಕ್ಕೆಂದು ಇದೇ ಸಂಸ್ಥೆಗೆ ಮೊದಲ ಕಂತು ಕೊಟ್ಟಿದ್ದಾರೆ ಎಂದು ತಿಳಿದ ಮೇಲೆ ಇದನ್ನು ಬರೆಯಲು ಕುಳಿತೆ. ಅರ್ಜಿ ಹಾಕುವವರಿಗೆ ನಾನು ಹೇಳಬಯಸುವುದು ಇಷ್ಟೇ. ನಿಮ್ಮ ಯಂತ್ರ ಏನು ಮಾಡುತ್ತದೆ ಎಂಬುದನ್ನು ನೀವೇ ಬರೆಯಿರಿ, ಭಾಷೆ ಒರಟಾಗಿದ್ದರೂ ಚಿಂತೆಯಿಲ್ಲ. ಲಾಗಿನ್, ಓಟಿಪಿ ಯಾರಿಗೂ ಕೊಡಬೇಡಿ. ಮಂಜೂರಾದ ಹಣದಲ್ಲಿ ಶೇಕಡಾ ಇಷ್ಟು ನಮಗೆ ಎನ್ನುವವರನ್ನು ಬಾಗಿಲಿನಿಂದಲೇ ಕಳಿಸಿಬಿಡಿ. ಬೀಜನಿಧಿಯ ಹಣವನ್ನು ಯಾವ ಉದ್ದೇಶಕ್ಕೆ ಕೊಟ್ಟಿದ್ದಾರೋ ಅದಕ್ಕೇ ಬಳಸಬೇಕು, ದಲ್ಲಾಳಿಯ ಪಾಲು ಅದರೊಳಗೆ ಬರುವುದಿಲ್ಲ. ಆನ್‌ಲೈನಿನಲ್ಲಿ ಈಗಷ್ಟೇ ಹಣ ಕಳಿಸಿ ಮೋಸ ಎಂದು ತಿಳಿದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವರು ಹೇಳಿದ ವಾಣಿಜ್ಯ ವ್ಯವಹಾರದ ನಿರ್ಬಂಧದಿಂದ ಸ್ವಯಂ ಉದ್ಯೋಗದಿಂದ ಜೀವನ ನಡೆಸುವವರಿಗೆ ವಿನಾಯಿತಿ ಇದೆ. ದೂರುದಾರನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು ಎಂದೂ ಇದೆ. ಆದ್ದರಿಂದ ಬೆಂಗಳೂರಿಗಲ್ಲ, ಘಟ್ಟ ಇಳಿದು ಕಾರವಾರಕ್ಕೆ ಹೋಗುವವನಿದ್ದೇನೆ. ಒಪ್ಪಂದದ ಪ್ರತಿ, ಹಣ ಕಳಿಸಿದ ದಾಖಲೆ, ಅಡಿಕೆ ಎಲೆಯ ವರದಿ ಎಲ್ಲವನ್ನೂ ಇಟ್ಟುಕೊಂಡಿದ್ದೇನೆ. ಇದೇ ಸಂಸ್ಥೆಗೆ ಹಣ ಕೊಟ್ಟವರು ಇನ್ನೂ ಇದ್ದರೆ, ನಾಚಿಕೆಗೆ ಸುಮ್ಮನಿರದೆ ನಿಮ್ಮ ವರದಿಯ ಪ್ರತಿಯನ್ನು ತರಿಸಿಕೊಳ್ಳಿ, ಒಟ್ಟಿಗೇ ದೂರು ಕೊಡೋಣ.